ಮರದ ನೆಲ: ಬಾಗಿಲಲ್ಲಿ ತಪ್ಪುವ ಲೆಕ್ಕ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳೆಯ ಮನೆಗಳಲ್ಲಿ ಮರ ಇರುತ್ತಿದ್ದುದು ತಲೆಯ ಮೇಲೆ: ತೊಲೆ, ಜಂತಿ, ಅವನ್ನು ಹೊತ್ತ ಕಂಬ. ಕಾಲ ಕೆಳಗೆ ಸೆಗಣಿ ಸಾರಿಸಿದ ಮಣ್ಣು ಅಥವಾ ಶಹಾಬಾದ್ ಕಲ್ಲು. ಈಗ ಹೊಸ ಮನೆ ಕಟ್ಟಿಸುವವರಿಗೆ ಮರದ ನೆಲದ ಆಸೆ ಹುಟ್ಟಿದೆ. ಆಸೆಗೆ ನಮ್ಮ ತಕರಾರಿಲ್ಲ. ತಕರಾರು ಇರುವುದು ಅದನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಬಾಗಿಲು ದಾಟಿಸಿ, ಸಂದಿಲ್ಲದೆ ಒಂದೇ ಹಾಸಾಗಿ ಹಾಸುವ ರೀತಿಗೆ. ಮಳೆಗಾಲದಲ್ಲಿ ನೆಲ ಉಬ್ಬಿದಾಗ ಮನೆಯವರು ಮರವನ್ನು ದೂರುತ್ತಾರೆ, ಅಂಗಡಿಯವರು ಮನೆಯವರನ್ನು ದೂರುತ್ತಾರೆ. ಲೆಕ್ಕ ಮಾಡಿದವರು ಯಾರೂ ಇಲ್ಲ.

ಆ ಲೆಕ್ಕವನ್ನು ನೀವೇ ಮಾಡಿ ನೋಡಿ. ಈ ಬಯಲಿನಲ್ಲಿ ಏಪ್ರಿಲ್ ಮಧ್ಯಾಹ್ನದ ಸಾಪೇಕ್ಷ ಆರ್ದ್ರತೆ ಶೇ. 30ರ ಆಸುಪಾಸಿಗೆ ಇಳಿಯುತ್ತದೆ, ಜುಲೈಯಲ್ಲಿ ಶೇ. 80 ದಾಟುವ ದಿನಗಳಿವೆ. ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಸಾಗವಾನಿ ಹಲಗೆಯ ತೇವಾಂಶ ಬೇಸಿಗೆಯಲ್ಲಿ ಶೇ. 8, ಮಳೆಗಾಲದಲ್ಲಿ ಶೇ. 14 ಎಂದಿಟ್ಟುಕೊಳ್ಳೋಣ. ಉಂಗುರಗಳಿಗೆ ಸ್ಪರ್ಶಕ ದಿಕ್ಕಿನಲ್ಲಿ ಸಾಗವಾನಿಯ ಅಗಲ, ತೇವಾಂಶ ಶೇ. 1 ಏರಿದಾಗ ಸುಮಾರು ಶೇ. 0.19 ಹಿಗ್ಗುತ್ತದೆ. 10 ಸೆಂ.ಮೀ. ಅಗಲದ ಒಂದು ಹಲಗೆಗೆ ಇದು ಸುಮಾರು 1.1 ಮಿ.ಮೀ. ಒತ್ತೊತ್ತಾಗಿ ಜೋಡಿಸಿದ 30 ಹಲಗೆಗಳಿಗೆ, ಅಂದರೆ 3 ಮೀಟರ್ ಅಗಲದ ಕೋಣೆಗೆ, 33 ಮಿ.ಮೀ.! ಎಳೆಯ ಉದ್ದಕ್ಕೆ ಮಾತ್ರ ಹಿಗ್ಗುವಿಕೆ ತೀರ ಕಡಿಮೆ.

ಇಲ್ಲಿ ನಮ್ಮ ಪಾಠ ಹೇಳುವ ಕ್ರಮದ ಬಗೆಗೂ ಒಂದು ಮಾತು. ವಸ್ತು ಹಿಗ್ಗುತ್ತದೆ ಎಂದೊಡನೆ ನಾವು ರೈಲು ಹಳಿಯ ಸಂದನ್ನು ಉದಾಹರಿಸುತ್ತೇವೆ. 3 ಮೀಟರ್ ಉಕ್ಕಿನ ತುಂಡು 30 ಡಿಗ್ರಿ ಸೆಲ್ಸಿಯಸ್ ಕಾದರೆ ಹಿಗ್ಗುವುದು ಸುಮಾರು 1.1 ಮಿ.ಮೀ. ಮೇಲಿನ ಒಂದೇ ಒಂದು ಹಲಗೆ ಅಷ್ಟು ಹಿಗ್ಗುತ್ತದೆ. ಹಳಿಗಳನ್ನಂತೂ ಈಗ ಬಹುಮಟ್ಟಿಗೆ ಬೆಸೆದೇ ಹಾಕುತ್ತಾರೆ. ಆ ಸಂದನ್ನು ವಿದ್ಯಾರ್ಥಿ ಕಾಣುವುದೇ ಅಪರೂಪ. ಶ್ರಾವಣದಲ್ಲಿ ಬಿಗಿಯಾಗುವ ತನ್ನ ಮನೆಯ ಬಾಗಿಲನ್ನು ಮಾತ್ರ ಅವನು ವರ್ಷವೂ ಕಾಣುತ್ತಾನೆ. ಅದು ಪಾಠದಲ್ಲಿ ಬರುವುದಿಲ್ಲ.

ಬಡಿಗರಿಗೆ ಇದು ಗೊತ್ತಿತ್ತು. ಹಳೆಯ ಬಾಗಿಲನ್ನು ಪರೀಕ್ಷಿಸಿ: ನಡುವಿನ ತೆಳು ಹಲಗೆಯನ್ನು ಅಂಟಿಸದೆ, ಮೊಳೆ ಹೊಡೆಯದೆ, ಚೌಕಟ್ಟಿನ ಕೊರೆದ ಗಾಡಿಯಲ್ಲಿ ಸಡಿಲವಾಗಿ ಕೂರಿಸಿರುತ್ತಾರೆ. ಹಿಗ್ಗಿದರೆ ಒಳಸರಿಯಲು ಜಾಗವಿದೆ.

ಅಂಗಡಿಗಳಲ್ಲಿ ‘ಮರದ ನೆಲ’ ಎಂದು ಮಾರುವುದರಲ್ಲಿ ಬಹುಪಾಲು ಮರದ ನಾರನ್ನು ಒತ್ತಿ ಮಾಡಿದ ಲ್ಯಾಮಿನೇಟ್. ಮೇಲೆ ಕಾಣುವ ಸಾಗವಾನಿಯ ಎಳೆ ಒಂದು ಮುದ್ರಿತ ಚಿತ್ರ! 1984ರಲ್ಲಿ ಸ್ವೀಡನ್ನಿನ ಪರ್‌ಸ್ಟಾರ್ಪ್ ಕಂಪನಿ ಇಂಥ ನೆಲಹಾಸನ್ನು ಹೊರತಂದಿತು. ಇದು ಗಟ್ಟಿಮರಕ್ಕಿಂತ ಕಡಿಮೆ ಹಿಗ್ಗುತ್ತದೆ. ಆದರೆ ಅಗಲ, ಉದ್ದ ಎರಡೂ ಕಡೆಗೆ ಹಿಗ್ಗುತ್ತದೆ. ನೆಲಕ್ಕೆ ಅಂಟಿಸದೆ ತೇಲುವಂತೆ ಹಾಸುವುದರಿಂದ ಇಡೀ ಹಾಸು ಒಂದೇ ಫಲಕದಂತೆ ಸರಿಯುತ್ತದೆ. ಆದ್ದರಿಂದಲೇ ಗೋಡೆಯ ಸುತ್ತ ಸುಮಾರು 8 ರಿಂದ 12 ಮಿ.ಮೀ. ಸಂದು ಬಿಡಬೇಕೆನ್ನುತ್ತಾರೆ.

ಈಗ ಬಾಗಿಲಿಗೆ ಬನ್ನಿ. 5 ಮೀಟರಿನ ಪಡಸಾಲೆ, 4 ಮೀಟರಿನ ಕೋಣೆ, ನಡುವೆ 90 ಸೆಂ.ಮೀ. ಬಾಗಿಲು. ಎರಡು ದೊಡ್ಡ ಫಲಕಗಳನ್ನು ಒಂದು ಕಿರಿದಾದ ಕತ್ತು ಹಿಡಿದುಕೊಂಡಿದೆ. ಎರಡೂ ತಮ್ಮ ತಮ್ಮ ದಿಕ್ಕಿಗೆ ಸರಿದಾಗ ಎಳೆತ, ಒತ್ತಡ, ತಿರುಚು ಎಲ್ಲವೂ ಆ ಕತ್ತಿನ ಮೇಲೆ. ಸಾಲದ್ದಕ್ಕೆ, ಟೈಲ್ಸ್ ಕೆಲಸದ ರೂಢಿಯಿರುವ ಗೌಂಡಿ ಚೌಕಟ್ಟಿನ ಕಾಲಿನ ಸುತ್ತ ಉಳಿದ ಸಂದಿಗೆ ಬಿಳಿ ಸಿಮೆಂಟು ತುಂಬುತ್ತಾನೆ. ನೋಟಕ್ಕೆ ಅಚ್ಚುಕಟ್ಟು, ಹಾಸಿಗೆ ಬೇಡಿ. ಸರಿಯಾದ ಕ್ರಮವೆಂದರೆ ಚೌಕಟ್ಟಿನ ಕಾಲನ್ನು ಹಲಗೆಯ ದಪ್ಪದಷ್ಟು ಕೊಯ್ದು, ಹಲಗೆ ಅದರಡಿ ಸಡಿಲವಾಗಿ ತೂರುವಂತೆ ಮಾಡುವುದು. ಮುಚ್ಚಿದ ಬಾಗಿಲಿನ ನೇರ ಕೆಳಗೆ ಹಾಸನ್ನು ತುಂಡರಿಸಿ, ಮೇಲೆ ಇಂಗ್ಲಿಷಿನ ಟಿ ಆಕಾರದ ಪಟ್ಟಿ ಕೂರಿಸುವುದು. ಪಟ್ಟಿಯ ಹಿಡಿತ ಕೆಳಗಿನ ಕಾಂಕ್ರೀಟಿಗೆ ಇರಬೇಕು, ಹಲಗೆಗೆ ಅಲ್ಲ.

ಹೊರಬಾಗಿಲ ಕತೆಯೇ ಬೇರೆ. ತಯಾರಕರ ಸೂಚನೆ ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ ಎನ್ನುತ್ತದೆ. ನಮ್ಮಲ್ಲಿ ಹೊಸ್ತಿಲನ್ನು ಬೆಳಗ್ಗೆ ನೀರು ಹಾಕಿ ತೊಳೆದು, ಅರಿಸಿನ ಕುಂಕುಮ ಹಚ್ಚಿ, ರಂಗೋಲಿ ಎಳೆಯುತ್ತಾರೆ. ಆ ನೀರು ಲ್ಯಾಮಿನೇಟಿನ ಅಂಚಿಗೆ ಇಳಿದರೆ ನಾರು ಊದಿಕೊಳ್ಳುತ್ತದೆ, ಒಣಗಿದರೂ ಮೊದಲಿನಂತಾಗುವುದಿಲ್ಲ. ಹೊಸ್ತಿಲ ಪೂಜೆ ಬಿಡಿ ಎಂದು ಮನೆಯ ಹೆಣ್ಣುಮಕ್ಕಳಿಗೆ ಉಪದೇಶಿಸುವುದಕ್ಕಿಂತ, ಹೊಸ್ತಿಲಿನಿಂದ ಒಂದು ಮೊಳ ಒಳಗೆ ಕಲ್ಲು ಹಾಸಿ, ಮರವನ್ನು ಅಲ್ಲಿಂದ ಶುರುಮಾಡುವುದು ಜಾಣತನ.

ಶಿಕ್ಷಕರು ಶಾಲೆಯಲ್ಲೇ ಒಂದು ಪ್ರಯೋಗ ಮಾಡಿಸಬಹುದು. ಬಡಿಗರಲ್ಲಿ ಮಿಕ್ಕ, ಬಣ್ಣ ಬಳಿಯದ 10 ಸೆಂ.ಮೀ. ಉದ್ದಗಲದ ಸಾಗವಾನಿ ತುಂಡೊಂದನ್ನು ತನ್ನಿ. ಏಪ್ರಿಲಿನಲ್ಲಿ ಅದರ ತೂಕ, ಎಳೆಗೆ ಅಡ್ಡಲಾದ ಅಗಲ, ಎಳೆಯ ಉದ್ದ ಮೂರನ್ನೂ ಅಳೆದಿಡಿ. ಜುಲೈ ಕೊನೆಗೆ ಮತ್ತೆ ಅಳೆಯಿರಿ. ಉದ್ದದಲ್ಲಿ ವರ್ನಿಯರ್ ಬಹುಶಃ ಏನೂ ವ್ಯತ್ಯಾಸ ತೋರಿಸುವುದಿಲ್ಲ. ಅದನ್ನೂ ಬರೆದಿಡಿ.