ಮೂರು ಸೆಕೆಂಡಿನ ಜ್ವಾಲೆ, ಮೂರು ವರ್ಷದ ದಾಖಲೆ

ಮಗುವಿನ ರಾತ್ರಿ ಉಡುಪಿಗೆ ಬಳಸುವ ಬಟ್ಟೆಯಿಂದ ಒಂದು ತುಂಡು ಕತ್ತರಿಸುತ್ತಾರೆ. ಅಗಲ 8.9 ಸೆಂ.ಮೀ., ಉದ್ದ 25.4 ಸೆಂ.ಮೀ. ಅದನ್ನು ಓವನ್ನಿನಲ್ಲಿ 105 ಡಿಗ್ರಿ ಶಾಖಕ್ಕೆ ಅರ್ಧ ಗಂಟೆ ಒಣಗಿಸಿ, ತೇವ ತಾಕದಂತೆ ಆರಿಸಿ, ಲೋಹದ ಚೌಕಟ್ಟಿಗೆ ಸಿಕ್ಕಿಸಿ ಪೆಟ್ಟಿಗೆಯೊಳಗೆ ನೆಟ್ಟಗೆ ತೂಗುಹಾಕುತ್ತಾರೆ. ಕೆಳಗಂಚಿಗೆ ಗ್ಯಾಸಿನ ಜ್ವಾಲೆಯನ್ನು 3 ಸೆಕೆಂಡು ಹಿಡಿದು ತೆಗೆಯುತ್ತಾರೆ. ಹೀಗೆ ಐದು ತುಂಡು. ಸುಟ್ಟು ಕರಕಲಾದ ಉದ್ದದ ಸರಾಸರಿ 17.8 ಸೆಂ.ಮೀ. ದಾಟಬಾರದು, ಐದರಲ್ಲಿ ಒಂದೂ ತುದಿಯವರೆಗೆ ಸುಡಬಾರದು. ಹೊಸ ಬಟ್ಟೆ ಪಾಸಾದರೆ ಸಾಲದು, 50 ಸಲ ಒಗೆದ ಮೇಲೂ ಪಾಸಾಗಬೇಕು.

ಅಮೆರಿಕದ ಫೆಡರಲ್ ನಿಯಮಾವಳಿಯ 16ನೇ ಶೀರ್ಷಿಕೆಯಲ್ಲಿ 1615 ಮತ್ತು 1616 ಎಂಬ ಎರಡು ಭಾಗಗಳಿವೆ. ಅವುಗಳ ತಿರುಳು ಇದು. ಮೊದಲನೆಯದು ಕೂಸಿನಿಂದ 6ಎಕ್ಸ್ ಅಳತೆಯವರೆಗಿನ ಉಡುಪಿಗೆ, ಎರಡನೆಯದು 7ರಿಂದ 14ರ ಅಳತೆಗೆ. ಒಂದು ರೂಪುಗೊಂಡದ್ದು 1971ರಲ್ಲಿ, ಇನ್ನೊಂದು 1974ರಲ್ಲಿ. ದೂರದ ದೇಶದ ಈ ನಿಯಮವನ್ನು ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯ ಕಡೆಯಿಂದ ನೋಡಿ ತೂಗುವುದಕ್ಕೆ ಕಾರಣವಿದೆ. ಕಂದಾಯದ ಕಡತದಲ್ಲಿ ಇಟಕದಿಬ್ಬನಹಳ್ಳಿ ಹೋಬಳಿ ಎಂದಿರುವ ಈ ಸೀಮೆಯಿಂದ, ಹಾಗೆಯೇ ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಿಂದ, ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದಾಗಲೆಲ್ಲ ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಹಾದಿ ಹಿಡಿದಿದ್ದಾರೆ. ಕೆಲವರು ಹತ್ತಿರದ ಗೌರಿಬಿದನೂರು, ಹಿಂದೂಪುರಕ್ಕೆ. ಕೆಲವರು ದೊಡ್ಡಬಳ್ಳಾಪುರದ ಅಪ್ಯಾರಲ್ ಪಾರ್ಕಿಗೆ. ಮನೆ ಮಾಡಿಕೊಂಡು ಹೋದವರು ಪೀಣ್ಯಕ್ಕೆ, ಬೊಮ್ಮನಹಳ್ಳಿಗೆ. ಅಮೆರಿಕದ ಅಂಗಡಿಗೆ ಹೋಗುವ ಮಕ್ಕಳ ಉಡುಪು ಹೊಲಿಯುವ ಲೈನಿನಲ್ಲಿ ಕೂತವರಿಗೆ ಈ ನಿಯಮದ ಹೆಸರು ಗೊತ್ತಿರಬೇಕಿಲ್ಲ. ಆದರೆ ಅದು ಹೇಳಿದಂತೆ ಅವರ ಕೈ ನಡೆಯುತ್ತಿರುತ್ತದೆ.

ನನ್ನ ಮಟ್ಟಿಗೆ ಈ ನಿಯಮದ ನಿಜವಾದ ಸತ್ವ ಇರುವುದು ಅದರ ರಿಜಿಸ್ಟರಿನಲ್ಲಿ. ಬೆಂಕಿಯ ಪರೀಕ್ಷೆಯನ್ನು ಯಾವ ಲ್ಯಾಬಿನಲ್ಲಾದರೂ ಮಾಡಬಹುದು. ಪರೀಕ್ಷೆಗೆ ಕೊಟ್ಟ ಬಟ್ಟೆಯೇ ಮಗುವಿನ ಮೈಮೇಲೆ ಬಂತೇ ಎಂಬುದಕ್ಕೆ ಜವಾಬು ಹೇಳುವವರು ಯಾರು? ನಿಯಮ ಹಿಡಿದಿರುವುದು ಈ ಎಳೆಯನ್ನೇ. ಸಿದ್ಧ ಉಡುಪಿನಲ್ಲಿ ಹೆಚ್ಚೆಂದರೆ 500 ಡಜನ್, ಅಂದರೆ 6,000 ಪೀಸನ್ನು ಒಂದು ಉತ್ಪಾದನಾ ಘಟಕವೆಂದು ಎಣಿಸಬೇಕು. ಆ ಘಟಕಕ್ಕೆ ಒಂದು ಗುರುತು ಕೊಟ್ಟು ಅದನ್ನು ಉಡುಪಿನ ಲೇಬಲ್ಲಿನಲ್ಲೂ ನಮೂದಿಸಬೇಕು. ಯಾವ ದಿನ ಪರೀಕ್ಷೆಯಾಯಿತು, ಮಾಡಿದವರು ಯಾರು, ಅವರ ಸಹಿ, ಪ್ರತಿ ತುಂಡು ಎಷ್ಟು ಸುಟ್ಟಿತು, ಎಲ್ಲವೂ ಬರಹದಲ್ಲಿರಬೇಕು. ಫೇಲಾದ ಘಟಕ ಏನಾಯಿತು ಎಂಬುದಕ್ಕೂ ಲೆಕ್ಕ ಬೇಕು. ಬಟ್ಟೆ ತಯಾರಾದಲ್ಲಿಂದ ಮಾರಾಟವಾದ ಪೀಸಿನವರೆಗೆ ಕೊಂಡಿ ಎಲ್ಲೂ ಕಳಚಬಾರದು. ಈ ದಾಖಲೆಗಳನ್ನು ಮೂರು ವರ್ಷ ಇಟ್ಟಿರಬೇಕು.

ಗಾರ್ಮೆಂಟ್ಸ್ ಬಲ್ಲವರಿಗೆ ಇದು ಅರ್ಥವಾಗಲು ವಿವರಣೆ ಬೇಡ. ಬಟ್ಟೆಯ ರೋಲಿಗೆ ನಂಬರು, ಕಟಿಂಗ್ ಟೇಬಲ್ಲಿನ ಮೇಲೆ ಪದರ ಪದರವಾಗಿ ಹಾಸಿದ ಬಟ್ಟೆಯ (ಲೇ) ಚೀಟಿಯಲ್ಲಿ ಆ ರೋಲಿನ ನಂಬರು, ಕತ್ತರಿಸಿದ ಭಾಗಗಳಿಗೆ ಬಂಡಲ್ ಟಿಕೆಟ್, ಕೊನೆಗೆ ಕುತ್ತಿಗೆಯ ಒಳಗೆ ಹೊಲಿದ ಲೇಬಲ್. ಒಂದು ಕಡೆ ಬರೆಯುವುದು ತಪ್ಪಿದರೆ ಹಿಂದಿನ ಲೆಕ್ಕವೆಲ್ಲ ಹೋಯಿತು. ಮುರಿದ ಸೂಜಿಯ ರಿಜಿಸ್ಟರ್ ಇಡುವ ಕಾರ್ಖಾನೆಗಳೂ ಇವೆ. ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ, ಜೋಡಿಸಿ, ಪುಸ್ತಕದಲ್ಲಿ ಟೇಪು ಹಾಕಿ ಅಂಟಿಸಿದ ಮೇಲೆಯೇ ಹೊಸ ಸೂಜಿ ಸಿಗುತ್ತದೆ. ಚೂರು ಸಿಗದಿದ್ದರೆ ಆ ಪೀಸುಗಳು ಮುಂದೆ ಹೋಗುವುದಿಲ್ಲ. ಎಲ್ಲೋ ಇರುವ, ಎಂದೂ ಮುಖ ನೋಡದ ಮಗುವಿಗೆ ಸೂಜಿ ಚುಚ್ಚಬಾರದೆಂದು ಒಬ್ಬ ಹೆಣ್ಣುಮಗಳು ಮಂಡಿಯೂರಿ ನೆಲ ತಡಕಾಡುವ ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಟಾರ್ಗೆಟ್ ಮುಗಿಯಲಿಲ್ಲವೆಂದು ಬೈಸಿಕೊಳ್ಳುತ್ತಲೇ ಅವಳು ಇದನ್ನೂ ಮಾಡಬೇಕು ಎಂಬುದನ್ನು ಮರೆಯಬಾರದು. ರಿಜಿಸ್ಟರ್ ಬರೆಯುವ ಹೊತ್ತನ್ನು ಕೆಲಸದ ಹೊತ್ತೆಂದು ಲೆಕ್ಕಕ್ಕೆ ಹಿಡಿಯದ ಕಡೆ ದಾಖಲೆ ಸುಳ್ಳಾಗುತ್ತದೆ. ಸಂಜೆ ಒಟ್ಟಿಗೆ ಕೂತು ಒಂದೇ ಪೆನ್ನಿನಲ್ಲಿ ಇಡೀ ದಿನದ ಕಾಲಂ ತುಂಬಿದ ಪುಟ ಯಾವ ಮಗುವನ್ನೂ ಕಾಪಾಡದು.

ದಾಖಲೆಯ ಬೆಲೆ ಏನೆಂದು ಭಾರತಕ್ಕೆ 1994ರಲ್ಲಿ ತಿಳಿಯಿತು. ಆ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಭಾರತದಲ್ಲಿ ತಯಾರಾದ ಸುಮಾರು 2,50,000 ತೆಳು ರೇಯಾನ್ ಲಂಗಗಳನ್ನು ಅಂಗಡಿಗಳಿಂದ ವಾಪಸು ಕರೆಸಿತು. ಅವು ದಿನಪತ್ರಿಕೆಯ ಹಾಳೆಗಿಂತ ಬೇಗ ಸುಡುತ್ತಿದ್ದವು. ದೊಡ್ಡವರು ಉಡುವ ಲಂಗಗಳು ಅವು; ಅವಕ್ಕಿದ್ದ ನಿಯಮ ಮಕ್ಕಳ ಉಡುಪಿನದಕ್ಕಿಂತ ಎಷ್ಟೋ ಸಡಿಲ. ಅದನ್ನೂ ದಾಟಲಾಗದ ಬಟ್ಟೆ ಇಲ್ಲಿಂದ ಹಡಗು ಹತ್ತಿತ್ತು. ಅಲ್ಲಿ ವಾಪಸು ಕರೆಸಲು ಒಂದು ಆಯೋಗವಿತ್ತು. ಅದೇ ಬಗೆಯ ಬಟ್ಟೆಯನ್ನು ನಮ್ಮ ಸಂತೆಯಿಂದ ವಾಪಸು ಕರೆಸಿದ್ದನ್ನು ನಾನು ಕೇಳಿಲ್ಲ.

ಹಾಗೆಂದು ಈ ನಿಯಮವನ್ನು ತಲೆಯ ಮೇಲೆ ಹೊತ್ತು ತರಬೇಕೆಂದು ನಾನು ಹೇಳುತ್ತಿಲ್ಲ. ಅದರ ಚರಿತ್ರೆಯಲ್ಲಿ ಒಂದು ದೊಡ್ಡ ಪ್ರಮಾದವಿದೆ. ನಿಯಮ ಬಂದ ಹೊಸದರಲ್ಲಿ ತಯಾರಕರು ಪರೀಕ್ಷೆ ದಾಟಲು ಟ್ರಿಸ್ ಎಂಬ ಬ್ರೋಮಿನ್ ಇರುವ ರಾಸಾಯನಿಕವನ್ನು ಬಟ್ಟೆಗೆ ಹಾಕತೊಡಗಿದರು. ಜ್ವಾಲೆಯ ಪರೀಕ್ಷೆಯಲ್ಲಿ ಬಟ್ಟೆ ಗೆದ್ದಿತು. 1977ರ ಜನವರಿಯಲ್ಲಿ ಅರ್ಲೀನ್ ಬ್ಲೂಮ್ ಮತ್ತು ಬ್ರೂಸ್ ಏಮ್ಸ್ ಎಂಬ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಈ ರಾಸಾಯನಿಕ ಜೀವಕೋಶದ ವಂಶವಾಹಿಯನ್ನು ಕೆಡಿಸುತ್ತದೆ, ಕ್ಯಾನ್ಸರ್ ತರಬಲ್ಲದು ಎಂದು ಎಚ್ಚರಿಸಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಟ್ರಿಸ್ ಹಾಕಿದ ಮಕ್ಕಳ ಉಡುಪು ನಿಷೇಧವಾಯಿತು. ಮುಂದೆ ನಡೆದದ್ದು ಇನ್ನೂ ಕೆಟ್ಟದ್ದು: ತಮ್ಮ ಮಕ್ಕಳಿಗೆ ಬೇಡವಾದ ಆ ಸರಕನ್ನು ತಯಾರಕರು ಬೇರೆ ದೇಶಗಳಿಗೆ ಮಾರತೊಡಗಿದರು. ಆ ರಫ್ತಿಗೆ ತಡೆ ಬಿದ್ದದ್ದು 1978ರಲ್ಲಿ. ನಿಯಮ ಒಂದೇ ಒಂದು ಪ್ರಶ್ನೆ ಕೇಳುತ್ತಿತ್ತು, ಬಟ್ಟೆ ಸುಡುತ್ತದೆಯೇ ಎಂದು. ಸುಡದಂತೆ ಮಾಡಲು ಏನು ಹಾಕಿದಿರಿ ಎಂದು ಕೇಳಲಿಲ್ಲ. ರಾತ್ರಿಯಿಡೀ ಮಗುವಿನ ಬೆವರಿಗೆ, ಜೊಲ್ಲಿಗೆ ತಾಗುವ ಬಟ್ಟೆಯ ವಿಷಯದಲ್ಲಿ ಆ ಎರಡನೆಯ ಪ್ರಶ್ನೆ ಮೊದಲನೆಯದರಷ್ಟೇ ದೊಡ್ಡದು.

ಪೆಟ್ಟು ತಿಂದ ಮೇಲೆ ನಿಯಮ ಬಾಗಿತು. 1996ರ ತಿದ್ದುಪಡಿಯಲ್ಲಿ, ಮೈಗೆ ಅಂಟಿದಂತಿರುವ ಉಡುಪಿಗೂ 9 ತಿಂಗಳ ಅಳತೆಯೊಳಗಿನ ಕೂಸಿನ ಉಡುಪಿಗೂ ಜ್ವಾಲೆಯ ಪರೀಕ್ಷೆಯಿಂದ ವಿನಾಯಿತಿ ಸಿಕ್ಕಿತು. ತಾನಾಗಿ ಒಲೆಯ ಬಳಿ ಹೋಗಲಾರದ ಕೂಸಿಗೆ ಅಪಾಯ ಕಡಿಮೆ ಎಂಬುದು ಒಂದು ತರ್ಕ. ಬಟ್ಟೆಗೂ ಚರ್ಮಕ್ಕೂ ನಡುವೆ ಗಾಳಿ ಇಲ್ಲದಿದ್ದರೆ ಬೆಂಕಿ ಹಬ್ಬುವುದು ಕಷ್ಟ, ಜೋತುಬಿದ್ದ ಅಂಚಿಲ್ಲದಿದ್ದರೆ ಜ್ವಾಲೆಗೆ ಸಿಕ್ಕುವುದೂ ಕಡಿಮೆ ಎಂಬುದು ಇನ್ನೊಂದು. ಎದೆ, ಸೊಂಟ, ತೋಳು, ತೊಡೆ, ಮಣಿಕಟ್ಟು, ಕಣಕಾಲು, ಪ್ರತಿಯೊಂದಕ್ಕೂ ಮೀರಬಾರದ ಸೆಂಟಿಮೀಟರ್ ಲೆಕ್ಕದ ಕೋಷ್ಟಕ ಮಾಡಿದರು. ಈ ಉಡುಪು ಬೆಂಕಿ ತಡೆಯುವುದಿಲ್ಲ, ಬಿಗಿಯಾಗಿ ತೊಡಿಸಿ ಎಂದು ಹೇಳುವ ಹಳದಿ ಚೀಟಿಯನ್ನು ತೂಗುಹಾಕಿಸಿದರು. ಸುಟ್ಟ ಮಕ್ಕಳಿಗೆ ಚಿಕಿತ್ಸೆ ಕೊಡುವ ಶ್ರೈನರ್ಸ್ ಆಸ್ಪತ್ರೆಗಳು ಇದನ್ನು ವಿರೋಧಿಸಿದವು.

ನನಗನಿಸುವಂತೆ ಈ ಸಡಿಲಿಕೆಯ ಹಿಂದಿನ ವಿಜ್ಞಾನ ಸರಿ. ರಾಸಾಯನಿಕವಿಲ್ಲದೆ, ಹೊಲಿಗೆಯ ಅಳತೆಯಿಂದಲೇ ಅಪಾಯ ತಗ್ಗಿಸುವ ದಾರಿ ಅದು. ಆದರೆ ಅದು ನಿಂತಿರುವುದು ಕೊಳ್ಳುವವರು ಸರಿಯಾದ ಅಳತೆಯದನ್ನೇ ಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೆ. ನಮ್ಮ ಕಡೆ ಮಗುವಿಗೆ ಬಟ್ಟೆ ಕೊಳ್ಳುವ ರೀತಿ ಬೇರೆ. ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಸೈಜು ದೊಡ್ಡದು ತರುತ್ತೇವೆ. ಅಕ್ಕನ ಲಂಗ ತಂಗಿಗೆ ಬರುತ್ತದೆ, ಅಣ್ಣನ ಅಂಗಿ ತಮ್ಮನ ಮೊಣಕಾಲಿನವರೆಗೆ ಇಳಿಯುತ್ತದೆ. ಬಡತನವೂ ಜಾಣತನವೂ ಕೂಡಿದ ಈ ಅಭ್ಯಾಸವನ್ನು ನಾನು ದೂರುವುದಿಲ್ಲ. ಮೈಗೆ ಅಂಟಿದ ಉಡುಪಿನ ಮೇಲೆ ಭಾರ ಹಾಕಿದ ನಿಯಮ ಇಲ್ಲಿ ಕೆಲಸ ಮಾಡುವುದಿಲ್ಲ, ಅಷ್ಟೆ.

ಇನ್ನೂ ಮೂಲದ ತೊಡಕೊಂದಿದೆ. ನಿಯಮ ಅನ್ವಯವಾಗುವುದು ರಾತ್ರಿ ಉಡುಪಿಗೆ. ಐ.ಡಿ.ಹಳ್ಳಿಯ ಮಗುವಿಗೆ ಮಲಗುವಾಗ ಹಾಕಲು ಬೇರೆ ಉಡುಪೆಂಬುದು ಎಷ್ಟು ಮನೆಗಳಲ್ಲಿದೆ? ಹಗಲಲ್ಲಿ ಆಡಿದ ಬಟ್ಟೆಯಲ್ಲೇ ಮಗು ಮಲಗುತ್ತದೆ. ಅಪಾಯದ ಹೊತ್ತು ಕೂಡ ಬೇರೆ. ಧನುರ್ಮಾಸದ ಚಳಿಯಲ್ಲಿ ಬೆಳಗ್ಗೆ ಎದ್ದ ಮಕ್ಕಳು ಬಚ್ಚಲ ಹಂಡೆಯ ಒಲೆಯ ಬಾಯಿಗೆ ಬಂದು ಕೂರುತ್ತಾರೆ. ಅಡುಗೆಗೆ ಗ್ಯಾಸ್ ಬಂದಿರುವ ಮನೆಯಲ್ಲೂ ನೀರು ಕಾಯಿಸಲು ಸೌದೆಯೇ. ಬೀದಿಯಲ್ಲಿ ಸೋಗೆ, ಕಸಕಡ್ಡಿ ಹಾಕಿ ಬೆಂಕಿ ಕಾಯಿಸುವವರ ನಡುವೆಯೂ ಮಕ್ಕಳಿರುತ್ತಾರೆ. ಮಾರಮ್ಮನ ಜಾತ್ರೆಯಲ್ಲಿ ತಂಬಿಟ್ಟಿನ ಆರತಿ ಹೊತ್ತ ತಾಯಂದಿರ ಸಾಲಿನಲ್ಲಿ ಪುಟ್ಟ ಹುಡುಗಿಯರು ಹೊಳೆಯುವ ನೆಟ್ಟಿನ ಫ್ರಾಕ್ ತೊಟ್ಟು ನಡೆಯುತ್ತಾರೆ. ದೀಪಾವಳಿಯ ಮಾತು ಹೇಳಬೇಕಾಗಿಲ್ಲ. ಆದ್ದರಿಂದ ನಮ್ಮ ನಿಯಮ ಉಡುಪಿನ ಹೆಸರನ್ನು ನೋಡದೆ ಬಟ್ಟೆಯ ಗುಣವನ್ನೂ ಉಡುಪಿನ ಘೇರನ್ನೂ ನೋಡಬೇಕು. ಬ್ರಿಟನ್ ಇದಕ್ಕೆ ಹತ್ತಿರ ಬಂದಿತ್ತು. ಮನೆಮನೆಯಲ್ಲೂ ತೆರೆದ ಬೆಂಕಿಗೂಡಿದ್ದ ಆ ದೇಶ 1964ರಲ್ಲೇ ಮಕ್ಕಳ ರಾತ್ರಿ ನಿಲುವಂಗಿಗೆ ನಿಯಮ ಮಾಡಿತು. 1985ರ ನಿಯಮದಲ್ಲಿ ಮಕ್ಕಳ ಜೋತುಬೀಳುವ ನಿಲುವಂಗಿಗೆ ಪರೀಕ್ಷೆ ಕಡ್ಡಾಯ, ಪೈಜಾಮಕ್ಕೆ ಲೇಬಲ್ ಸಾಕು.

ಬಟ್ಟೆಯ ಗುಣದ ಬಗ್ಗೆಯೂ ಒಂದು ಮಾತು. ಗಾಳಿಯಲ್ಲಿ ಆಮ್ಲಜನಕ ಶೇಕಡ 21. ಹತ್ತಿ ಉರಿಯುತ್ತಿರಲು ಶೇಕಡ 18ರ ಆಸುಪಾಸು ಇದ್ದರೆ ಸಾಕು, ಉಣ್ಣೆಗೆ ಸುಮಾರು 25 ಬೇಕು. ಹಾಗಾಗಿಯೇ ಶಿರಾ, ಪಾವಗಡ, ಚಳ್ಳಕೆರೆ ಸೀಮೆಯ ಕುರಿ ಉಣ್ಣೆಯ ಕಂಬಳಿಗೆ ಕಿಡಿ ಬಿದ್ದರೆ ಕರಕಾಗಿ ನಿಲ್ಲುತ್ತದೆ, ಧಗ್ಗೆಂದು ಹತ್ತಿಕೊಳ್ಳುವುದಿಲ್ಲ. ಪಾಲಿಯೆಸ್ಟರ್ ಕರಗಿ ಕುಗ್ಗುತ್ತದೆ, ಕರಗಿದ್ದು ಚರ್ಮಕ್ಕೆ ಅಂಟುತ್ತದೆ. ಹತ್ತಿಯೂ ಪಾಲಿಯೆಸ್ಟರೂ ಬೆರೆತ ಬಟ್ಟೆಯಲ್ಲಿ ಹತ್ತಿಯ ನೂಲು ಬತ್ತಿಯಂತೆ ನಿಂತು ಕರಗಿದ ಪಾಲಿಯೆಸ್ಟರನ್ನು ಹೀರಿಕೊಂಡು ಉರಿಯುತ್ತದೆ. ಅಗ್ಗದ ಬಟ್ಟೆಗಳಲ್ಲಿ ಈ ಬೆರಕೆ ಸಾಮಾನ್ಯ. ತಂದ ಫ್ರಾಕ್ ಯಾವ ನೂಲಿನದೆಂದು ತಿಳಿಯಲು ತಾಯಿಗೆ ದಾರಿಯೇ ಇಲ್ಲದಿರುವುದು ನಾಚಿಕೆಯ ವಿಷಯ.

ನಮ್ಮ ದೇಶದಲ್ಲಿ ಕಾನೂನಿಗೆ ಇದೆಲ್ಲ ತಿಳಿದಿಲ್ಲ ಎನ್ನುವಂತಿಲ್ಲ. ಬಟ್ಟೆ ಸುಡುವುದನ್ನು ಅಳೆಯುವ ವಿಧಾನ ಭಾರತೀಯ ಮಾನಕ ಬ್ಯೂರೊ (ಬಿ.ಐ.ಎಸ್.) ಬಳಿ ಇದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಅದಕ್ಕೆ ಅನ್ವಯವಾಗುವ ಐ.ಎಸ್. 9873 ಎಂಬ ಮಾನದಂಡದ ಎರಡನೆಯ ಭಾಗ ಪೂರ್ತಿ ಬೆಂಕಿಯ ಬಗ್ಗೆಯೇ ಇದೆ. ಬಟ್ಟೆಯ ಗೊಂಬೆ, ಮಕ್ಕಳು ಆಟಕ್ಕೆ ತೊಡುವ ವೇಷ, ಅಂಟಿಸಿಕೊಳ್ಳುವ ಗಡ್ಡಮೀಸೆ ಇವೆಲ್ಲ ಎಷ್ಟರ ಮಟ್ಟಿಗೆ ಸುಡಬಹುದು ಎಂಬುದಕ್ಕೆ ಅಲ್ಲಿ ಮಿತಿಯಿದೆ. ಅಂದರೆ ಮಗು ಅಪ್ಪಿಕೊಂಡು ಮಲಗುವ ಗೊಂಬೆಗೆ ನಿಯಮವಿದೆ, ಅದೇ ಮಗು ತೊಟ್ಟು ಮಲಗುವ ಬಟ್ಟೆಗೆ ಇಂಥ ಕಡ್ಡಾಯ ಪರೀಕ್ಷೆ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಪಾಯಕಾರಿ ವಸ್ತುವನ್ನು ವಾಪಸು ಕರೆಸುವ ಅಧಿಕಾರವನ್ನು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ. ಅಧಿಕಾರವೇನೋ ಇದೆ, ಲಾಟ್ ನಂಬರೇ ಇಲ್ಲದ, ತಯಾರಕರ ಹೆಸರೇ ಇಲ್ಲದ ಸಂತೆಯ ಫ್ರಾಕನ್ನು ಯಾರಿಂದ, ಯಾವುದೆಂದು ಕರೆಸುವುದು? ರಿಜಿಸ್ಟರಿಲ್ಲದೆ ಆ ಅಧಿಕಾರ ಕಾಗದದಲ್ಲೇ ಉಳಿಯುತ್ತದೆ.

ಅಮೆರಿಕದ ನಿಯಮವೂ ದಾಖಲೆಯಿಂದಲೇ ಹುಟ್ಟಿತು. ಬೆಂಕಿ ಹತ್ತುವ ಬಟ್ಟೆಗಳ ಕಾಯ್ದೆಗೆ 1967ರಲ್ಲಿ ತಂದ ತಿದ್ದುಪಡಿಯಲ್ಲಿ ಅಲ್ಲಿನ ಸಂಸತ್ತು, ಬಟ್ಟೆಗೆ ಬೆಂಕಿ ತಗಲಿ ಆಗುವ ಗಾಯ, ಸಾವುಗಳನ್ನು ಅಧ್ಯಯನ ಮಾಡಿರೆಂದು ಆರೋಗ್ಯ ಇಲಾಖೆಗೆ ಆದೇಶಿಸಿತ್ತು. ನಮ್ಮಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಮಂದಿಗೆ ಸುಟ್ಟಗಾಯ, 1.4 ಲಕ್ಷ ಸಾವು ಎಂದು ಕೇಂದ್ರದ ಸುಟ್ಟಗಾಯ ತಡೆ ಕಾರ್ಯಕ್ರಮ ಅಂದಾಜಿಸಿದೆ. ಅದರಲ್ಲಿ ಬಟ್ಟೆಯ ಪಾಲೆಷ್ಟು ಎಂದು ಆ ಅಂಕಿ ಹೇಳುವುದಿಲ್ಲ. ಮಧುಗಿರಿಯ ಆಸ್ಪತ್ರೆಯಿಂದ ಹಿಡಿದು ಬೆಂಗಳೂರಿನ ವಿಕ್ಟೋರಿಯಾದ ಸುಟ್ಟಗಾಯದ ವಾರ್ಡಿನವರೆಗೆ, ಸುಟ್ಟು ಬಂದ ಮಗುವಿನ ಕೇಸ್ ಶೀಟಿನಲ್ಲಿ ಒಂದು ಸಾಲು ಕಡ್ಡಾಯವಾಗಬೇಕು: ತೊಟ್ಟಿದ್ದ ಬಟ್ಟೆ ಯಾವುದು, ಎಷ್ಟು ಸಡಿಲವಿತ್ತು, ಬೆಂಕಿ ಎಲ್ಲಿಂದ ತಗುಲಿತು.

ಈ ನಿಯಮದಿಂದ ನಾವು ತೆಗೆದುಕೊಳ್ಳಬೇಕಾದದ್ದು ಅದರ ಲೇಬಲ್ಲನ್ನು ಮತ್ತು ಲೆಕ್ಕದ ಶಿಸ್ತನ್ನು. ಬಿಡಬೇಕಾದದ್ದು ಏನು ಹಾಕಿದಿರಿ ಎಂದು ಕೇಳದ ಕುರುಡುತನವನ್ನು ಮತ್ತು ಪೈಜಾಮದ ಅಳತೆಯ ಮೇಲಿನ ಅತಿಯಾದ ನಂಬಿಕೆಯನ್ನು. ದೇಶದೊಳಗೆ ಮಾರುವ ಮಕ್ಕಳ ಉಡುಪಿನ ಕುತ್ತಿಗೆಯಲ್ಲಿ ತಯಾರಕರ ಹೆಸರು, ಲಾಟ್ ನಂಬರು, ನೂಲಿನ ಪ್ರಮಾಣ, ಒಲೆ ದೀಪಗಳಿಂದ ದೂರವಿಡಿ ಎಂಬ ಕನ್ನಡದ ಸಾಲು, ಇಷ್ಟನ್ನು ಬಿ.ಐ.ಎಸ್. ಮೊದಲು ಕಡ್ಡಾಯ ಮಾಡಲಿ. ಘೇರು ಹೆಚ್ಚಿರುವ ಫ್ರಾಕ್, ಲಂಗ, ನಿಲುವಂಗಿಗಳಿಗೆ ಆಟಿಕೆಗಿರುವಂಥ ಜ್ವಾಲೆಯ ಪರೀಕ್ಷೆ ಅದರ ಹಿಂದೆ ಬರಲಿ. ಇದನ್ನು ಮಾಡಲು ಬಲ್ಲವರನ್ನು ಹೊರಗಿನಿಂದ ಕರೆಸಬೇಕಿಲ್ಲ. ಪರದೇಶದ ಮಕ್ಕಳಿಗಾಗಿ ಈ ಲೆಕ್ಕವನ್ನು ಚಾಚೂ ತಪ್ಪದೆ ಇಟ್ಟ ಅನುಭವ ಗೌರಿಬಿದನೂರು, ದೊಡ್ಡಬಳ್ಳಾಪುರದ ಲೈನುಗಳಲ್ಲಿ ದುಡಿದ ನಮ್ಮ ಹೆಣ್ಣುಮಕ್ಕಳಿಗೇ ಇದೆ.