ಕೊನೆಯ ಮೂವತ್ತು ಗಜ: ಭಾನುವಾರದ ಗಾಲ್ಫ್ ರಸಿಕರಿಗೊಂದು ಕೈಪಿಡಿ

ಭಾನುವಾರ ಬೆಳಿಗ್ಗೆ ಯಾವ ಗಾಲ್ಫ್ ಕ್ಲಬ್ಬಿಗೆ ಬೇಕಾದರೂ ಹೋಗಿ ನೋಡಿ. ಮೊದಲ ಟೀ ಹತ್ತಿರ ಹೆಂಡತಿ, ಮಕ್ಕಳು, ಭಾವಮೈದುನ, ಆಫೀಸಿನ ಅತಿಥಿಗಳು ಎಲ್ಲ ಗುಂಪುಗೂಡಿರುತ್ತಾರೆ. ಯಾರೋ ಒಬ್ಬರು ಡ್ರೈವರ್ ಎತ್ತಿ ಬೀಸುತ್ತಾರೆ. ಚೆಂಡು ಸಿಲ್ವರ್ ಓಕ್ ಮರಗಳ ಮೇಲೆ ಹಾರಿ ಕಣ್ಮರೆಯಾಗುತ್ತದೆ. ‘ವಾವ್!’ ಅಲ್ಲಿಗೆ ಗಾಲ್ಫ್ ನೋಡಿದ್ದು ಮುಗಿಯಿತು. ಎಲ್ಲರೂ ವರಾಂಡಕ್ಕೆ ಹೋಗಿ ಖಾರಾಬಾತಿಗೆ ಕೂರುತ್ತಾರೆ. ಹಾರಿದ ಚೆಂಡು ಎಲ್ಲಿ ಬಿತ್ತು, ಫೇರ್‌ವೇಯಲ್ಲೋ ಪಕ್ಕದ ಮೋರಿಯಲ್ಲೋ ಎಂದು ಒಬ್ಬರೂ ಕೇಳುವುದಿಲ್ಲ. ಕಛೇರಿಗೆ ಹೋಗಿ ತಂಬೂರಿ ಶ್ರುತಿ ಮಾಡುವುದನ್ನು ಕೇಳಿ, ಚಪ್ಪಾಳೆ ತಟ್ಟಿ, ಎದ್ದು ಬಂದ ಹಾಗೆ.

ಇವರ ಮೇಲೆ ನನಗೆ ಸಿಟ್ಟಿದೆ. ಆದರೂ ಇವರಲ್ಲಿ ಒಬ್ಬರಾದರೂ ಕಾಫಿ ಲೋಟ ಕೆಳಗಿಟ್ಟು ಗ್ರೀನ್ ತನಕ ನಡೆದು ಬಂದಾರು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಪಾರ್ ಎಂದರೇನು, ಬರ್ಡಿ ಎಂದರೇನು, ಚೀಲದಲ್ಲಿ ಹದಿನಾಲ್ಕು ಕ್ಲಬ್ ಏಕೆ ಎಂಬುದನ್ನೆಲ್ಲ ಇಲ್ಲಿ ವಿವರಿಸುತ್ತಾ ಕೂರುವುದಿಲ್ಲ. ಯಾವ ಕ್ಯಾಡಿಯನ್ನು ಕೇಳಿದರೂ ಎರಡು ನಿಮಿಷದಲ್ಲಿ ಹೇಳುತ್ತಾನೆ. ಒಂದು ಸಂಗತಿ ಮಾತ್ರ ತಿಳಿದಿರಲೇಬೇಕು. ಟಿವಿಯಲ್ಲಿ ಕಾಣುವ ಗಾಲ್ಫ್ ಬೇರೆ, ನಮ್ಮ ಹವ್ಯಾಸಿಗಳದು ಬೇರೆ. ನಮ್ಮಲ್ಲಿ ಆಡುವವರು ಹದಿನೆಂಟು ಹ್ಯಾಂಡಿಕ್ಯಾಪಿನ ಡಾಕ್ಟರು, ಇಪ್ಪತ್ತನಾಲ್ಕರ ಆಡಿಟರು, ಎಷ್ಟೆಂದು ಕೇಳಿದರೆ ಮಾತು ಬದಲಿಸುವ ವಕೀಲರು. ಹದಿನೆಂಟು ಹ್ಯಾಂಡಿಕ್ಯಾಪ್ ಇದ್ದವರಿಗೆ ಪ್ರತಿ ಹೋಲಿಗೂ ಒಂದು ಹೊಡೆತದ ರಿಯಾಯಿತಿ. ಅವರು ಬೋಗಿ ಮಾಡಿದರೆ ಪಾರ್ ಮಾಡಿದ ಲೆಕ್ಕ, ಎರಡು ಪಾಯಿಂಟ್. ಈ ಪಾಯಿಂಟ್ ಪದ್ಧತಿಯನ್ನು ಕೊಟ್ಟವರು ಫ್ರಾಂಕ್ ಸ್ಟೇಬಲ್‌ಫರ್ಡ್ ಎಂಬ ಡಾಕ್ಟರು. ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ 1932ರಲ್ಲಿ ಇದು ಸ್ಪರ್ಧೆಗೆ ಬಂತು. ಒಂದು ಹೋಲ್ ಪೂರ್ತಿ ಕೆಟ್ಟರೆ ಸೊನ್ನೆ ಬರೆದುಕೊಂಡು ಚೆಂಡನ್ನು ಜೇಬಿಗೆ ಹಾಕಿ ಮುಂದೆ ನಡೆಯಬಹುದು. ಇಡೀ ಬೆಳಗು ಹಾಳಾಗುವುದಿಲ್ಲ. ನಮ್ಮಂಥವರ ಪಾಲಿಗೆ ಅವರು ಪುಣ್ಯಾತ್ಮರು.

ಹೀಗಾಗಿ ಹವ್ಯಾಸಿಯ ಸುಖವೆಲ್ಲ ಬೋಗಿಯನ್ನು ಉಳಿಸಿಕೊಳ್ಳುವುದರಲ್ಲಿದೆ. ಡ್ರೈವ್ ಎಲ್ಲಿಗೋ ಹೋಗಿ, ಎರಡನೆಯದು ಮರಕ್ಕೆ ತಗುಲಿ, ಮೂರನೆಯದು ಗ್ರೀನಿನ ಅಂಚಿಗೆ ಬಂದು ನಿಂತಿದೆ ಎನ್ನಿ. ಆಟ ಶುರುವಾಗುವುದೇ ಈಗ. ಅಲ್ಲಿಂದ ಚೆಂಡನ್ನು ಧ್ವಜದ ಪಕ್ಕಕ್ಕೆ ತಲುಪಿಸಿ ಒಂದೇ ಪಟ್‌ನಲ್ಲಿ ಮುಗಿಸಬೇಕು. ಆ ತಲುಪಿಸುವ ಹೊಡೆತವೇ ಚಿಪ್. ಅದರಲ್ಲೂ ನಾನು ಹೇಳುತ್ತಿರುವುದು ನೆಲದಲ್ಲಿ ಉರುಳುವ ಚಿಪ್. ಗಾಲ್ಫಿನಲ್ಲಿ ಕೂತು ನೋಡಬೇಕಾದದ್ದು ಅದೊಂದೇ ಎಂದು ಬರೆದರೆ ಸಂಪಾದಕರು ಹೊಡೆದು ಹಾಕುತ್ತಾರೆ. ಆದ್ದರಿಂದ, ಅದೇ ಮೊದಲು ಎಂದಷ್ಟೇ ಹೇಳುತ್ತೇನೆ.

ನೋಡುವುದು ಹೇಗೆ? ಮೊದಲು ನಿಲ್ಲುವ ಜಾಗ. ಆಟಗಾರನ ಬೆನ್ನ ಹಿಂದೆಯೂ ಬೇಡ, ಚೆಂಡು ಮತ್ತು ಧ್ವಜ ಕೂಡುವ ಗೆರೆಯ ಮೇಲೂ ಬೇಡ. ಎದುರು ಪಕ್ಕದಲ್ಲಿ, ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿ. ಚೆಂಡು, ಧ್ವಜ, ಆಟಗಾರನ ಮುಖ ಮೂರೂ ಕಾಣಬೇಕು. ಆಮೇಲೆ ಚೆಂಡು ಕೂತಿರುವ ಬಗೆ. ಹುಲ್ಲಿನ ತುದಿಯ ಮೇಲೆ ಕೂತಿದೆಯೋ, ಬುಡಕ್ಕೆ ಇಳಿದಿದೆಯೋ? ಜುಲೈ ಮಳೆಯಲ್ಲಿ ಹುಲ್ಲು ದಟ್ಟವಾಗಿ ಚೆಂಡನ್ನು ಮುಕ್ಕಾಲು ನುಂಗಿರುತ್ತದೆ. ಮಾರ್ಚ್ ಬಿಸಿಲಲ್ಲಿ ಅದೇ ಜಾಗ ಬೋಳಾಗಿ ಕಲ್ಲಾಗಿರುತ್ತದೆ. ಎರಡಕ್ಕೂ ಒಂದೇ ಹೊಡೆತ ಹೊಡೆಯುವವರನ್ನು ಬಿಟ್ಟು ಮುಂದಿನ ಫೋರ್‌ಬಾಲ್ ಕಾಯಿರಿ.

ಮುಂದಿನದು, ಅವರು ಚೀಲದಿಂದ ತೆಗೆದದ್ದು ಯಾವ ಕ್ಲಬ್? ಹಳಬರದೊಂದು ಲೆಕ್ಕವಿದೆ. ಸಮತಟ್ಟಾದ, ಸಾಧಾರಣ ವೇಗದ ಗ್ರೀನಿನಲ್ಲಿ ಪಿಚಿಂಗ್ ವೆಜ್ ಹಿಡಿದರೆ ಚೆಂಡು ಒಂದು ಪಾಲು ಹಾರಿ ಎರಡು ಪಾಲು ಉರುಳುತ್ತದೆ. ಒಂಬತ್ತರ ಐರನ್ ಆದರೆ ಮೂರು ಪಾಲು, ಎಂಟರದಾದರೆ ನಾಲ್ಕು, ಏಳರದಾದರೆ ಐದು. ಧ್ವಜ ಹದಿನೆಂಟು ಹೆಜ್ಜೆ ದೂರದಲ್ಲಿದ್ದು ಏಳರ ಐರನ್ ಹಿಡಿದಿದ್ದರೆ ಚೆಂಡು ಮೂರನೆಯ ಹೆಜ್ಜೆಯಲ್ಲಿ ನೆಲ ಮುಟ್ಟಬೇಕು. ಹಾಗಾಗಿ ಬಲ್ಲ ಆಟಗಾರರು ಧ್ವಜವನ್ನು ಒಮ್ಮೆ ನೋಡಿ ಬಿಟ್ಟುಬಿಡುತ್ತಾರೆ. ಅವರ ಕಣ್ಣು ಆ ಮೂರನೆಯ ಹೆಜ್ಜೆಯ ಮೇಲೆ, ಅಂಗೈಯಗಲದ ಹುಲ್ಲಿನ ಮೇಲೆ ನೆಟ್ಟಿರುತ್ತದೆ. ನೀವು ಅವರ ಕಣ್ಣನ್ನು ನೋಡಿ. ಕೊನೆಯ ಕ್ಷಣದ ತನಕ ಧ್ವಜವನ್ನೇ ದಿಟ್ಟಿಸುತ್ತಿದ್ದರೆ, ಹೊಡೆಯುವ ಮೊದಲೇ ಫಲಿತಾಂಶ ಹೇಳಿಬಿಡಬಹುದು.

ನಂತರ ಸದ್ದು. ಭಾರ ಎಡಗಾಲ ಮೇಲೆ, ಕೈಗಳು ಚೆಂಡಿಗಿಂತ ಮುಂದೆ, ಮಣಿಕಟ್ಟು ಮುರಿಯದೆ ಹೊಡೆದಾಗ ‘ಟಕ್’ ಎಂದು ಸಣ್ಣ ಒಣ ಸದ್ದು ಬರುತ್ತದೆ. ‘ದಬ್’ ಎಂದರೆ ಕ್ಲಬ್ ಮೊದಲು ಮಣ್ಣಿಗೆ ಬಿತ್ತು, ಚೆಂಡು ಎರಡಡಿ ತೆವಳಿ ನಿಲ್ಲುತ್ತದೆ, ಇದು ಡಫ್. ‘ಟಿಣ್’ ಎಂದರೆ ಚೆಂಡಿನ ತಲೆಗೆ ಏಟು, ಅದು ಗ್ರೀನ್ ದಾಟಿ ಆಚೆಯ ಬಂಕರಿಗೆ ಹೋಗುತ್ತದೆ. ಸ್ವಲ್ಪ ಕಾಲ ಅಭ್ಯಾಸವಾದರೆ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲಿರಿ.

ಕೊನೆಗೆ ಉರುಳು. ಇದನ್ನು ನೋಡಬೇಕೆಂದಿದ್ದರೆ ಆರೂವರೆಗೆಲ್ಲ ಬನ್ನಿ, ಗ್ರೀನಿನ ಮೇಲೆ ಇಬ್ಬನಿ ಇರುವಾಗ. ಚೆಂಡು ಬಿದ್ದಲ್ಲಿ ಒಂದು ಕಪ್ಪು ಚುಕ್ಕೆ, ಅದರಾಚೆ ಪುಟಿದಲ್ಲಿ ಇನ್ನೂ ಸಣ್ಣ ಚುಕ್ಕೆ, ಆಮೇಲೆ ಬೆಳ್ಳಗಿನ ಹುಲ್ಲಿನ ಮೇಲೆ ಹಸಿರು ಗೆರೆ. ವೇಗ ಇರುವಷ್ಟು ಹೊತ್ತು ಗೆರೆ ನೇರ. ವೇಗ ಇಳಿದಂತೆ ಇಳಿಜಾರಿನ ಕಡೆಗೆ ಬಾಗುತ್ತದೆ, ಕೊನೆಯ ನಾಲ್ಕಡಿಯಲ್ಲಿ ಪೂರ್ತಿ ತಿರುಗಿಬಿಡುತ್ತದೆ. ಹೋಲಿನ ಅಗಲ 108 ಮಿಲಿಮೀಟರ್, ಚೆಂಡಿನದು 43ರ ಹತ್ತಿರ. ಆ ತಿರುವನ್ನು ಮೊದಲೇ ಮನಸ್ಸಿನಲ್ಲಿ ಎಳೆದುಕೊಂಡು, ಧ್ವಜದಿಂದ ಎರಡು ಹೆಜ್ಜೆ ಪಕ್ಕಕ್ಕೆ ಗುರಿಯಿಟ್ಟು ಹೊಡೆದದ್ದು ಸುತ್ತಿ ಬಂದು ಹೋಲಿನ ಬಾಯಲ್ಲಿ ನಿಂತಿತೆನ್ನಿ. ಆ ಮನುಷ್ಯ ಆಮೇಲೆ ತೊಂಬತ್ತೆಂಟು ಹೊಡೆದರೂ ಆ ದಿನ ಸಾರ್ಥಕ. ಎಂಟು ಗಂಟೆಯ ಬಿಸಿಲಿಗೆ ಗೆರೆಯೂ ಹೋಗುತ್ತದೆ, ಗ್ರೀನಿನ ವೇಗವೂ ಏರುತ್ತದೆ. ಅದೇ ಹೊಡೆತ ಈಗ ಆರಡಿ ಆಚೆ ಓಡುತ್ತದೆ. ಗಂಟೆಗೊಂದು ಲೆಕ್ಕ.

ಈಗಿನ ಹುಡುಗರಿಗೆ ಇದು ರುಚಿಸುವುದಿಲ್ಲ. ಅವರಿಗೆ ಬೇಕಾದದ್ದು ಫ್ಲಾಪ್ ಶಾಟ್. ಅರವತ್ತು ಡಿಗ್ರಿ ವೆಜ್ ಮಲಗಿಸಿ, ಪೂರ್ತಿ ಬೀಸಿ, ಚೆಂಡನ್ನು ಆಕಾಶಕ್ಕೆ ಎಸೆದು ‘ಪಟ್’ ಎಂದು ನಿಲ್ಲಿಸುವುದು. ಫಿಲ್ ಮಿಕೆಲ್ಸನ್ ಮಾಡಿದರೆ ಸರಿ, ಅವರ ಕಸುಬೇ ಅದು. ವಾರಕ್ಕೊಮ್ಮೆ ಕ್ಲಬ್ ಹಿಡಿಯುವ ಸಾಫ್ಟ್‌ವೇರ್ ಎಂಜಿನಿಯರು, ನಡುವೆ ಬಂಕರೂ ಇಲ್ಲ ಹಳ್ಳವೂ ಇಲ್ಲ ಎಂಬಲ್ಲಿ ಅದನ್ನೇ ಮಾಡಲು ಹೋಗಿ, ಮೂರು ಬಾರಿ ಮಣ್ಣೆಬ್ಬಿಸುವುದನ್ನು ನೋಡಲು ನನ್ನಿಂದಾಗದು. ಜೊತೆಯವರು ಮೊಬೈಲಿನಲ್ಲಿ ಹಿಡಿಯುತ್ತಿರುತ್ತಾರೆ. ಉರುಳುವ ಚಿಪ್ ರೀಲ್ಸಿಗೆ ಒಗ್ಗುವುದಿಲ್ಲ, ಅಷ್ಟರಮಟ್ಟಿಗೆ ಅದು ಪವಿತ್ರವಾಗಿ ಉಳಿದಿದೆ.

ನನಗೆ ಕಣ್ಣು ತೆರೆದದ್ದು ಕೊಡಗಿನಲ್ಲಿ, ವಿರಾಜಪೇಟೆ ಬಳಿಯ ಬಿಟ್ಟಂಗಾಲದ ಕೋರ್ಸಿನಲ್ಲಿ. ಕಾಫಿ ತೋಟದ ಹಿರಿಯರೊಬ್ಬರು ನಮ್ಮ ಜೊತೆಗಿದ್ದರು. ಮಂಡಿ ನೋವು, ಡ್ರೈವ್ ನೂರೈವತ್ತು ಗಜ ದಾಟುತ್ತಿರಲಿಲ್ಲ. ಚೀಲದಲ್ಲಿ ಒಂದು ಏಳರ ಐರನ್. ಹಿಡಿಯ ರಬ್ಬರು ಸವೆದು ಹೆಬ್ಬೆರಳಿನ ಗುಂಡಿ ಬಿದ್ದಿತ್ತು. ಗ್ರೀನಿನ ಸುತ್ತ ಎಲ್ಲಿ ನಿಂತರೂ ಅದೇ. ಒಂದು ಕಡೆ ಗ್ರೀನ್ ಎತ್ತರದಲ್ಲಿತ್ತು, ಅವರ ಚೆಂಡು ಕೆಳಗೆ. ನಾನಾಗಿದ್ದರೆ ಎತ್ತಿ ಹೊಡೆಯುತ್ತಿದ್ದೆ. ಅವರು ದಿಬ್ಬದ ಇಳುಕಲಿಗೇ ಚೆಂಡನ್ನು ತಟ್ಟಿದರು. ಅದು ದಿಬ್ಬಕ್ಕೆ ಎರಡು ಸಲ ಬಡಿದು, ವೇಗ ಕಳೆದುಕೊಂಡು, ಅಂಚು ಹತ್ತಿ, ಯೋಚನೆ ಮಾಡುತ್ತಾ ಹೋಗಿ ಧ್ವಜದ ಬುಡದಲ್ಲಿ ನಿಂತಿತು.

‘ಸಾರ್, ಎತ್ತಿ ಹೊಡೆಯೋದಲ್ವಾ?’ ಎಂದೆ.

‘ಎತ್ತಿದ್ದು ಎಲ್ಲಿ ಬೀಳ್ತದೆ ಯಾರಿಗೆ ಗೊತ್ತುಂಟು ಮಾರಾಯ? ನೆಲ ಎಲ್ಲಿದೆ ಅಂತ ನಂಗೆ ಗೊತ್ತುಂಟಲ್ಲ’ ಎಂದು ಮುಂದಿನ ಟೀ ಕಡೆಗೆ ಕುಂಟುತ್ತಾ ನಡೆದರು. ಅಂದು ನಮ್ಮೆಲ್ಲರ ದುಡ್ಡೂ ಅವರ ಜೇಬಿಗೆ ಹೋಯಿತು.

ಇದು ಮುದುಕರ ಆಟ ಎನ್ನುವವರಿಗೆ ಚರಿತ್ರೆಯಿಂದ ಉತ್ತರ ಕೊಡುತ್ತೇನೆ. 1938ರ ಅಮೆರಿಕದ ಪಿಜಿಎ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಪಾಲ್ ರನ್ಯನ್ ಎಂಬ ಸಣ್ಣ ಆಳು, ಸ್ಯಾಮ್ ಸ್ನೀಡ್ ಎಂಬ ಬೃಹತ್ ಹೊಡೆತಗಾರನಿಗೆ ಎದುರಾದರು. ಸ್ನೀಡ್‌ರ ಡ್ರೈವ್ ಹೋಲ್ ಹೋಲಿಗೂ ಎಷ್ಟೋ ಮುಂದೆ ಬೀಳುತ್ತಿತ್ತು. ಗ್ರೀನ್ ಹತ್ತಿರ ಬಂದಾಗ ಮಾತ್ರ ರನ್ಯನ್‌ರ ಕೈಗೆ ಎದುರಿರಲಿಲ್ಲ. ಇನ್ನು ಏಳು ಹೋಲ್ ಉಳಿದಿರುವಾಗಲೇ ಎಂಟರ ಮುನ್ನಡೆ, ಪಂದ್ಯ ಮುಕ್ತಾಯ. ಸ್ಪೇನಿನ ಸೆವೆ ಬಾಯೆಸ್ಟೆರೋಸ್ ಹುಡುಗನಾಗಿದ್ದಾಗ ಪೆದ್ರೆನ್ಯಾದ ಸಮುದ್ರ ದಂಡೆಯಲ್ಲಿ ಒಂದೇ ಒಂದು ಮೂರರ ಐರನ್ ಹಿಡಿದು ಎಲ್ಲ ಹೊಡೆತಗಳನ್ನೂ ಕಲಿತರು. 1982ರ ಯುಎಸ್ ಓಪನ್‌ನಲ್ಲಿ, ಪೆಬಲ್ ಬೀಚಿನ ಹದಿನೇಳನೆಯ ಹೋಲಿನ ದಟ್ಟ ಹುಲ್ಲಿನಿಂದ ಟಾಮ್ ವಾಟ್ಸನ್ ಚಿಪ್ ಮಾಡಿ ನೇರ ಒಳಗೇ ಹಾಕಿದರು. ಜ್ಯಾಕ್ ನಿಕ್ಲಾಸ್ ಕೈಗೆ ಬಂದ ಪ್ರಶಸ್ತಿ ಜಾರಿತು.

ಅಷ್ಟು ದೂರ ಏಕೆ, ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಇದ್ದಾರಲ್ಲ. 2021ರ ಆಗಸ್ಟ್‌ನಲ್ಲಿ, ಟೋಕಿಯೊ ಒಲಿಂಪಿಕ್ಸ್‌ನ ಮಹಿಳಾ ಗಾಲ್ಫ್ ಸ್ಪರ್ಧೆಯ ಕೊನೆಯ ದಿನ, ಗಾಲ್ಫ್ ಎಂದರೆ ಏನೆಂದು ತಿಳಿಯದವರೂ ಬೆಳ್ಳಂಬೆಳಿಗ್ಗೆ ಟಿವಿ ಹಾಕಿ ಕೂತಿದ್ದರು. ತಾಯಿಯೇ ಕ್ಯಾಡಿ. ವಿಶ್ವ ರ‍್ಯಾಂಕಿಂಗ್ 200. ಡ್ರೈವ್ ದೂರದಲ್ಲಿ ಜೊತೆಯವರಿಗಿಂತ ಬಹಳ ಹಿಂದೆ. ಆದರೂ 15 ಅಂಡರ್, ನಾಲ್ಕನೆಯ ಸ್ಥಾನ, ಬೆಳ್ಳಿಯ ಪ್ಲೇಆಫ್‌ಗೆ ಒಂದೇ ಹೊಡೆತ ಕಡಿಮೆ. ಚಿಪ್ ಮತ್ತು ಪಟರ್ ಹಿಡಿದುಕೊಂಡೇ ಅಲ್ಲಿ ತನಕ ಹೋದರು. ಮಾರನೆಯ ವಾರ ಡ್ರೈವಿಂಗ್ ರೇಂಜಿಗೆ ಹೊಸಬರ ಹಿಂಡು ಬಂತು. ಬಂದವರೆಲ್ಲ ಕೇಳಿದ್ದೇನು? ‘ಡ್ರೈವರ್ ಬಾಡಿಗೆಗೆ ಸಿಗುತ್ತಾ?’

ಉಳಿದವುಗಳ ಬಗ್ಗೆ ಚುಟುಕಾಗಿ. ಬಂಕರ್: ಮರಳನ್ನು ಹೊಡೆಯಬೇಕು, ಚೆಂಡನ್ನಲ್ಲ, ಮರಳೇ ಚೆಂಡನ್ನು ಹೊತ್ತು ತರುತ್ತದೆ. ಪಟ್: ಮೂರಡಿಯದನ್ನು ನೋಡುವಾಗ ಆಟಗಾರನ ಮಣಿಕಟ್ಟು ನೋಡಿ, ನಡುಗಿದರೆ ಬೆಟ್ ದೊಡ್ಡದಿದೆ ಎಂದರ್ಥ. ಡ್ರೈವ್: ಈಗಾಗಲೇ ಜಾಸ್ತಿ ಹೇಳಿದ್ದಾಯಿತು.

ಕ್ಯಾಡಿಗಳ ಮಾತು ಕೇಳುವುದೂ ರಸಿಕತೆಯ ಭಾಗವೇ. ‘ರೈಟಿಗೆ ಒಂದ್ ಕಪ್ ಸಾರ್, ಇಳಿಜಾರು, ಮುಟ್ಟಿದ್ರೆ ಸಾಕು’ ಎನ್ನುವುದರಲ್ಲಿ ದಿಕ್ಕು, ವೇಗ, ಆಟಗಾರನ ಸ್ವಭಾವದ ಬಗ್ಗೆ ಎಚ್ಚರಿಕೆ ಮೂರೂ ಇವೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅವರ ಜಾಗದಿಂದ ಬಂದವರು ಹೇಳಿದ್ದನ್ನು ಕೇಳದೆ ‘ನಂಗೆ ಗೊತ್ತು ಬಿಡಯ್ಯ’ ಎನ್ನುವ ಮೆಂಬರುಗಳಿದ್ದಾರೆ. ಅವರ ಚೆಂಡು ಎಲ್ಲಿ ಹೋಗುತ್ತದೆಂದು ಕ್ಯಾಡಿಗೆ ಮೊದಲೇ ಗೊತ್ತಿರುತ್ತದೆ.

ಪ್ರಾಮಾಣಿಕತೆ ಇನ್ನೊಂದು. ಅಂಪೈರ್ ಇಲ್ಲದ ಆಟವಿದು. ವೃತ್ತಿಯಲ್ಲಿ ವಕೀಲರಾಗಿ, ಕೊನೆಯ ತನಕ ಹವ್ಯಾಸಿಯಾಗೇ ಆಡಿದ ಬಾಬಿ ಜೋನ್ಸ್, 1925ರ ಯುಎಸ್ ಓಪನ್‌ನಲ್ಲಿ ಬೇರೆ ಯಾರೂ ಕಾಣದ, ಚೆಂಡಿನ ಒಂದು ಅಲುಗಾಟಕ್ಕೆ ತಾವೇ ದಂಡ ಹಾಕಿಕೊಂಡರು. ಕೊನೆಗೆ ಸ್ಕೋರ್ ಸಮವಾಗಿ, ಪ್ಲೇಆಫ್‌ನಲ್ಲಿ ಸೋತರು. ಪೊದೆಯೊಳಗೆ ಒಬ್ಬನೇ ಹೋಗಿ ‘ಸಿಕ್ತು! ಲೈ ಚೆನ್ನಾಗಿದೆ!’ ಎಂದು ಕೂಗುವ ನಮ್ಮವರನ್ನು ಕಂಡಾಗಲೆಲ್ಲ ಜೋನ್ಸ್ ನೆನಪಾಗುತ್ತಾರೆ.

ಎಲ್ಲಿ ನೋಡಬೇಕು? 1876ರಿಂದ ಇರುವ ಬೆಂಗಳೂರು ಗಾಲ್ಫ್ ಕ್ಲಬ್ ಆಗಲಿ, ಮೈಸೂರಿನ ರೇಸ್‌ಕೋರ್ಸಿನೊಳಗೆ ಚಾಮುಂಡಿ ಬೆಟ್ಟದ ಎದುರಿಗಿರುವ ಕೋರ್ಸ್ ಆಗಲಿ, ಪರಿಚಯದ ಮೆಂಬರ್ ಜೊತೆ ಹೋಗಿ. ಮಿಂಚುವ ರೆಸಾರ್ಟ್ ಕೋರ್ಸುಗಳಲ್ಲಿ ಎಲ್ಲರೂ ಬ್ಯಾಟರಿ ಗಾಡಿಯಲ್ಲಿ ಓಡಾಡುತ್ತಾರೆ. ಗಾಡಿಯಿಂದ ಇಳಿದು, ಹೊಡೆದು, ಹತ್ತಿ ಹೋಗುವವರಿಂದ ಕಲಿಯುವುದು ಏನೂ ಇಲ್ಲ.

ಹೋದಾಗ ಪಾಲಿಸಬೇಕಾದವು: ಆಟಗಾರ ಚೆಂಡಿನ ಬಳಿ ನಿಂತ ಮೇಲೆ ಅಲುಗಾಡಬೇಡಿ. ನಿಮ್ಮ ನೆರಳು ಅವರ ಗೆರೆಯ ಮೇಲೆ ಬೀಳದಿರಲಿ. ಕೆಟ್ಟ ಚಿಪ್‌ಗೆ ‘ಬ್ಯಾಡ್ ಲಕ್’ ಎನ್ನಬೇಡಿ, ಲಕ್ಕಿಗೂ ಅದಕ್ಕೂ ಸಂಬಂಧವಿಲ್ಲವೆಂದು ಅವರಿಗೆ ಗೊತ್ತು. ಒಳ್ಳೆಯದಕ್ಕೆ ‘ಒಳ್ಳೇ ಟಚ್’ ಎಂದರೆ ಸಾಕು. ಆ ಎರಡು ಪದವನ್ನು ಮನೆಗೆ ಹೋಗಿ ಹೆಂಡತಿಗೆ ಹೇಳುವವರಿದ್ದಾರೆ.

ನಮ್ಮ ಕ್ಲಬ್ಬಿನ ಪ್ರತಿ ಟೂರ್ನಿಯಲ್ಲೂ ‘ಲಾಂಗೆಸ್ಟ್ ಡ್ರೈವ್’ಗೆ ಬಹುಮಾನವಿದೆ, ಫೇರ್‌ವೇಯಲ್ಲಿ ಬೋರ್ಡು ನೆಡುತ್ತಾರೆ, ಟೇಪು ಹಿಡಿಯುತ್ತಾರೆ. ಒಳ್ಳೆಯ ಚಿಪ್‌ಗೂ ಒಂದು ಕಪ್ ಇಡಿ ಎಂದು ಸಮಿತಿಗೆ ಅರ್ಜಿ ಕೊಟ್ಟೆ. ‘ಅದನ್ನ ಅಳೆಯೋದು ಹೇಗೆ ಸಾರ್?’ ಎಂದರು. ನ್ಯಾಯವಾದ ಪ್ರಶ್ನೆಯೇ. ಸ್ಕೋರ್‌ಕಾರ್ಡಿನಲ್ಲಿ ಬರುವುದು ಬರೀ 5 ಎಂಬ ಅಂಕಿ. ಆ ಐದು ಹೇಗೆ ಬಂತೆಂದು ನಿಂತು ನೋಡಿದವರು ಮಾತ್ರ ಹೇಳಬಲ್ಲರು. ‘ನಾಲ್ಕು ಜನ ತೀರ್ಪುಗಾರರನ್ನ ಕರ್ಕೊಂಡು ಬರ್ತೀನಿ’ ಎಂದು ಹೇಳಿ ಬಂದಿದ್ದೇನೆ. ಸದ್ಯಕ್ಕೆ ಒಬ್ಬ ಕ್ಯಾಡಿ ಒಪ್ಪಿದ್ದಾನೆ, ನಾನೊಬ್ಬ. ಇನ್ನೂ ಎರಡು ಜಾಗ ಖಾಲಿ ಇವೆ.