ದಾಳಿಂಬೆಯ ಹುಳಿ, ಸೇಬಿನ ಪಾಕ: ಪಾಕಗ್ರಂಥಗಳ ಓದಿನಲ್ಲೊಂದು ತಿದ್ದುಪಡಿ

ಮಾಸ್ಟ್ರಿಕ್ಟ್ ನಗರದ ಊಟದ ಮನೆಗಳಲ್ಲಿ ದೊರೆಯುವ ಪ್ರಸಿದ್ಧ ಮಾಂಸದಡುಗೆಯ ಹೆಸರು ‘ಜ್ಯೂರ್‌ವ್ಲೇಸ್’. ಪದಶಃ ಹೇಳುವುದಾದರೆ ‘ಹುಳಿಮಾಂಸ’. ಹಿಂದೆ ಕುದುರೆಯ ಮಾಂಸದಿಂದ, ಈಗ ಹೆಚ್ಚಾಗಿ ದನದ ಮಾಂಸದಿಂದ ಇದನ್ನು ಮಾಡುತ್ತಾರೆ. ಮಾಂಸವನ್ನು ಲವಂಗ, ಬಿರಿಯಾನಿ ಎಲೆ, ಈರುಳ್ಳಿಗಳೊಡನೆ ವಿನೆಗರಿನಲ್ಲಿ ನೆನೆಹಾಕಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಕಡೆಯಲ್ಲಿ ಮಸಾಲೆ ಬೆರೆತ ರೈ ಹಿಟ್ಟಿನ ಕೇಕಿನ ಪುಡಿಯನ್ನೂ ‘ಆಪೆಲ್‌ಸ್ಟ್ರೋಪ್’ ಎಂಬ ಕಪ್ಪು ಪಾಕವನ್ನೂ ಸೇರಿಸುತ್ತಾರೆ. ಈ ಪಾಕವು ಲಿಂಬುರ್ಗ್ ಪ್ರಾಂತ್ಯದ ತೋಟಗಳ ಸೇಬನ್ನು (ಕೆಲವೊಮ್ಮೆ ಪೇರ್ ಹಣ್ಣನ್ನೂ) ಬೇಯಿಸಿ, ಹಿಂಡಿ, ಬಂದ ರಸವನ್ನು ಬತ್ತಿಸಿ ಪಡೆದದ್ದು. ನೋಡಲು ನಮ್ಮ ಜೋನಿಬೆಲ್ಲದಂತಿರುತ್ತದೆ. ಹೆಸರು ಹುಳಿಯದು, ನಾಲಗೆಯಲ್ಲಿ ಕೊನೆಗೆ ಉಳಿಯುವುದು ಹಣ್ಣಿನ ಸಿಹಿ. ಈ ನಗರದಲ್ಲಿ ನೆಲೆಸಿದ ಮೊದಲ ವರ್ಷ ಇದನ್ನು ಉಂಡಾಗ ನನಗೆ ತಕ್ಷಣ ನೆನಪಾದದ್ದು ಕಲ್ಯಾಣದ ಚಾಳುಕ್ಯ ಅರಸು ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. ಆ ನೆನಪು ನನ್ನನ್ನು ತಪ್ಪುದಾರಿಗೆ ಎಳೆಯಿತು. ಪ್ರಸ್ತುತ ಲೇಖನ ಆ ತಪ್ಪಿನ ತಿದ್ದುಪಡಿ.

ಅದಾದ ಮೇಲೆ ಒಂದು ಉಪನ್ಯಾಸದಲ್ಲಿ, ಮಾಂಸವನ್ನು ಸಿಹಿಯಾದ ಹಣ್ಣುಗಳೊಡನೆ ಬೇಯಿಸುವ ಪದ್ಧತಿ ಹನ್ನೆರಡನೆಯ ಶತಮಾನದ ಕರ್ನಾಟಕದ ಅರಮನೆಗೆ ಚೆನ್ನಾಗಿ ತಿಳಿದಿತ್ತೆಂದು ನಾನು ಹೇಳಿದೆ. ಆಧಾರಗಳಾಗಿ ಮುಂದಿಟ್ಟದ್ದು ಎರಡು: ಮಾನಸೋಲ್ಲಾಸದ ಅನ್ನಭೋಗ ಪ್ರಕರಣದ ಮಾಂಸಪಾಕಗಳಲ್ಲಿ ಬರುವ ಹಣ್ಣಿನ ರಸ, ಚರಕ, ಸುಶ್ರುತರ ಮಾಂಸರಸಗಳಲ್ಲಿ ಬರುವ ದಾಡಿಮ, ಎಂದರೆ ದಾಳಿಂಬೆ. ‘ಹಣ್ಣು’ ಎಂದೊಡನೆ ‘ಸಿಹಿ’ ಎಂದು ಓದಿಕೊಂಡದ್ದು ನನ್ನ ಪ್ರಮಾದ. ಇದು ನನ್ನೊಬ್ಬನ ಪ್ರಮಾದವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರುತ್ತಿರಲಿಲ್ಲ. ಪಾಕಗ್ರಂಥಗಳನ್ನು ಓದುವ ನಮ್ಮ ರೂಢಿಯೇ ಇಂದಿನ ನಾಲಗೆಯಿಂದ ಹೊರಡುತ್ತದೆ. ಅಂಗಡಿಯಲ್ಲಿ ಇಂದು ದೊರೆಯುವ ಸಿಹಿ ದಾಳಿಂಬೆಯನ್ನೇ ಅದು ಗ್ರಂಥದಲ್ಲೂ ಕಾಣುತ್ತದೆ.

ಆಯುರ್ವೇದದ ನಿಘಂಟುಕಾರರು ದಾಡಿಮವನ್ನು ಮೂರಾಗಿ ವಿಂಗಡಿಸುತ್ತಾರೆ: ಸಿಹಿಯದು, ಸಿಹಿಹುಳಿಯದು, ಬರಿಯ ಹುಳಿಯದು. ಮಾಂಸರಸದ ಸಂದರ್ಭದಲ್ಲಿ ದಾಡಿಮ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಆಮ್ಲದ್ರವ್ಯವಾಗಿ. ನಮ್ಮ ಸಾರಿನಲ್ಲಿ ಹುಣಿಸೆ ಮಾಡುವ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ. ಮಾನಸೋಲ್ಲಾಸದ ಮಾಂಸಪಾಕಗಳ ಒಟ್ಟು ಸ್ವರವೂ ಇದೇ: ಇಂಗು, ಶುಂಠಿ, ಮೆಣಸು, ಉಪ್ಪು, ಮತ್ತೆ ಹುಳಿ. ಆ ಗ್ರಂಥದಲ್ಲಿ ಫಲವು ಅಳತೆಗೋಲಾಗಿಯೂ ಬರುತ್ತದೆ. ಮಾಂಸವನ್ನು ಅಡಕೆಯ ಗಾತ್ರಕ್ಕೆ ಕತ್ತರಿಸಬೇಕೆಂಬ ಬಗೆಯ ಮಾತು ಅಲ್ಲಿದೆ. ಅವಸರದ ಓದುಗನಿಗೆ ಮಾಂಸ ಮತ್ತು ಫಲ ಒಂದೇ ಸಾಲಿನಲ್ಲಿ ಕಂಡರೆ ಸಾಕು, ಬಾಣಲೆಯಲ್ಲೂ ಅವೆರಡೂ ಕೂಡಿದವೆಂದು ತೋರುತ್ತದೆ.

ಇನ್ನೂ ಸೂಕ್ಷ್ಮವಾದ ತೊಡಕು ‘ಮಧುರ’ ಎಂಬ ಪದದ್ದು. ವೈದ್ಯಗ್ರಂಥಗಳ ಪ್ರಕಾರ ಮಾಂಸವೇ ಬಹುಮಟ್ಟಿಗೆ ಮಧುರರಸದ್ದು. ಅಲ್ಲಿ ಮಾಂಸಕ್ಕೆ ‘ಮಧುರ’ ಎಂಬ ವಿಶೇಷಣವಿದ್ದರೆ ಅಡುಗೆಯವನು ಬೆಲ್ಲ ಹಾಕಿದನೆಂದು ಅರ್ಥವಲ್ಲ. ಅದು ದ್ರವ್ಯಗುಣದ ಮಾತು. ವಾಗ್ಭಟನು ಷಡ್ರಸಗಳನ್ನು ಎಣಿಸುವಾಗ ಸಿಹಿಯನ್ನು ‘ಸ್ವಾದು’ ಎಂದೇ ಕರೆಯುತ್ತಾನೆ. ಅದೇ ಪದ ಕಾವ್ಯದಲ್ಲಿ ‘ರುಚಿಯಾದುದು’ ಎಂಬಷ್ಟಕ್ಕೆ ನಿಲ್ಲುತ್ತದೆ. ಕನ್ನಡದ ‘ಇನಿ’, ‘ಸವಿ’ ಎಂಬ ಪದಗಳಿಗೂ ಇದೇ ಇಬ್ಬಗೆಯಿದೆ. ಹಳಗನ್ನಡದಲ್ಲಿ ಅಡಗು (ಮಾಂಸ) ಇನಿದಾಗಿತ್ತೆಂದು ಯಾರಾದರೂ ಹೇಳಿದ್ದರೆ, ಅದಕ್ಕೆ ‘ಸಿಹಿಯಾಗಿತ್ತು’ ಎಂದು ಅರ್ಥ ಬರೆಯುವ ಟೀಕಾಕಾರ ಓದುಗನಿಗೆ ಅನ್ಯಾಯ ಮಾಡುತ್ತಾನೆ.

ಸಿಹಿಯನ್ನು ಮಾಂಸದಿಂದ ದೂರವಿಟ್ಟದ್ದಕ್ಕೆ ಶಾಸ್ತ್ರದ ಸ್ಪಷ್ಟವಾದ ಮಾತೂ ಇದೆ. ಚರಕಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯದಲ್ಲಿ ವಿರುದ್ಧಾಹಾರದ ಪಟ್ಟಿ ಬರುತ್ತದೆ. ಊರಿನ ಪ್ರಾಣಿಗಳು, ಜೌಗುನೆಲದ ಪ್ರಾಣಿಗಳು, ಜಲಚರಗಳು ಇವುಗಳ ಮಾಂಸವನ್ನು ಜೇನು, ಎಳ್ಳು, ಬೆಲ್ಲ, ಹಾಲು, ಉದ್ದು, ಮೂಲಂಗಿ, ತಾವರೆಯ ದಂಟು, ಮೊಳಕೆಯ ಧಾನ್ಯ ಇವುಗಳೊಡನೆ ಕೂಡಿಸಿ ತಿನ್ನಬಾರದೆಂದು ಅಲ್ಲಿ ವಿಧಿಸಲಾಗಿದೆ. ವೈದ್ಯನ ನಿಷೇಧವನ್ನು ಅರಮನೆಯ ಬಾಣಸಿಗರೆಲ್ಲ ಪಾಲಿಸಿದರೆಂದು ನಂಬಬೇಕಾಗಿಲ್ಲ. ಯಾರೂ ಮಾಡದ್ದನ್ನು ನಿಷೇಧಿಸುವ ಅಗತ್ಯವೂ ಇರುವುದಿಲ್ಲ. ಆದರೂ ಗಮನಾರ್ಹವಾದ ಸಂಗತಿಯೆಂದರೆ, ಪಟ್ಟಿಯಲ್ಲಿ ಬೆಲ್ಲವೂ ಜೇನೂ ಇವೆ, ಹುಳಿ ಇಲ್ಲ.

ಈ ಬೆಳಕಿನಲ್ಲಿ ಕಣ್ಣಪ್ಪನ ಕಥೆಯನ್ನು ಮತ್ತೆ ಓದಬೇಕು. ತಮಿಳಿನ ಪೆರಿಯಪುರಾಣದಲ್ಲಿ ಬೇಡನು ತಾನು ಸುಟ್ಟ ಮಾಂಸಕ್ಕೆ ಜೇನು ಬೆರೆಸಿ ಶಿವನಿಗೆ ಉಣಿಸುತ್ತಾನೆ. ಅವನ ಬೇಟೆಯಲ್ಲಿ ಹಂದಿಯೂ ಉಂಟು. ಚರಕನ ವಿಂಗಡಣೆಯಲ್ಲಿ ಹಂದಿ ಆನೂಪ ವರ್ಗದ್ದು, ಎಂದರೆ ಜೌಗುನೆಲದ್ದು. ಆನೂಪ ಮಾಂಸದೊಡನೆ ಜೇನು: ನಿಷೇಧದ ಪಟ್ಟಿಯಲ್ಲಿರುವ ಕೂಟವೇ ಇದು. ದೇವಾಲಯದ ಅರ್ಚಕನಿಗೆ ಈ ನೈವೇದ್ಯ ಅಶುಚಿಯೆಂದು ತೋರುವುದು ಕಥೆಯಲ್ಲೇ ಇದೆ. ವೈದ್ಯನಿಗೂ ಅದು ಅಪಥ್ಯವೆಂಬುದನ್ನು ನಾವು ಸೇರಿಸಿಕೊಳ್ಳಬಹುದು. ಕವಿ ವೈದ್ಯಗ್ರಂಥವನ್ನು ಮನಸ್ಸಿನಲ್ಲಿಟ್ಟು ಬರೆದನೆಂದು ನಾನು ವಾದಿಸುತ್ತಿಲ್ಲ. ನಮ್ಮ ಹರಿಹರನೂ ಕಣ್ಣಪ್ಪನನ್ನು ಕುರಿತು ರಗಳೆ ಬರೆದವನು. ಬೇಡನು ತಾನು ಸವಿ ನೋಡಿ, ಮೆಚ್ಚಿದ್ದನ್ನು ಶಿವನಿಗೆ ಎತ್ತಿಡುವುದು ಈ ಕಥಾಪರಂಪರೆಯ ಜೀವಾಳ. ಅಲ್ಲಿ ‘ಸವಿ’ಯ ಪ್ರಮಾಣ ಶಾಸ್ತ್ರವಲ್ಲ, ಬೇಡನ ನಾಲಗೆ. ಮಾಂಸ ಮತ್ತು ಸಿಹಿ ನಿಜಕ್ಕೂ ಕೂಡಿದ ದೃಷ್ಟಾಂತವನ್ನು ಅರಮನೆಯ ಗ್ರಂಥದಲ್ಲಿ ಹುಡುಕುತ್ತಿದ್ದ ನನಗೆ ಅದು ಕಾಡಿನಲ್ಲಿ ಸಿಕ್ಕಿತು.

ಕನ್ನಡದ ಪಾಕಗ್ರಂಥಗಳಿಗೆ ಬಂದರೆ ಸನ್ನಿವೇಶ ಬೇರೆ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಹದಿನಾರನೆಯ ಶತಮಾನದ ಆರಂಭದ್ದು. ಕವಿ ಜೈನ, ಗ್ರಂಥದಲ್ಲಿ ಮಾಂಸವಿಲ್ಲ. ಅದೇ ಕಾಲದಲ್ಲಿ ಮಾಳವದ ಸುಲ್ತಾನರ ಆಸ್ಥಾನದಲ್ಲಿ ‘ನಿಅಮತ್‌ನಾಮಾ’ ಎಂಬ ಪಾರಸಿ ಪಾಕಗ್ರಂಥ ಸಿದ್ಧವಾಗುತ್ತಿತ್ತು. ಮಾಂಸಕ್ಕೆ ಹಣ್ಣನ್ನೂ ಸಕ್ಕರೆಯನ್ನೂ ಕೂಡಿಸಲು ಅಲ್ಲಿನ ಬಾಣಸಿಗರು ಹಿಂಜರಿಯಲಿಲ್ಲ. ಮಂಗರಸನಲ್ಲಿ ಬದನೆ, ಹಲಸು, ಬಾಳೆ, ಕಳಲೆಗಳಿಗೆ ದೊರೆತ ವಿಸ್ತಾರವನ್ನು ಕಂಡು, ಹಲಸು ಇಲ್ಲಿ ಮಾಂಸದ ಸ್ಥಾನವನ್ನು ತುಂಬಿದೆಯೆಂದು ಹೇಳುವ ಮನಸ್ಸಾಗುತ್ತದೆ. ಹಲಸಿನ ಕಾಯಿಯನ್ನು ‘ಸಸ್ಯಾಹಾರಿಗಳ ಮಾಂಸ’ವೆಂದು ಮಾರುವ ಯುರೋಪಿನ ಅಂಗಡಿಗಳ ನಡುವೆ ಇರುವ ನನಗಂತೂ ಆ ಮನಸ್ಸು ಬಲವಾಗಿಯೇ ಆಗಿತ್ತು.

ಆದರೆ ಮಂಗರಸನ ಹಿಂದೆ ಜನ್ನನಿದ್ದಾನೆ. 1209ರ ‘ಯಶೋಧರಚರಿತೆ’ಯಲ್ಲಿ ಬಲಿಯಾಗುವುದು ಹಿಟ್ಟಿನ ಕೋಳಿ, ಅದನ್ನು ಕೊಂದ ಸಂಕಲ್ಪಕ್ಕೆ ತಾಯಿಮಗ ಇಬ್ಬರೂ ಜನ್ಮಜನ್ಮಗಳಲ್ಲಿ ತೊಳಲುತ್ತಾರೆ. ಹಿಟ್ಟನ್ನು ಕೋಳಿಯೆಂದು ಭಾವಿಸುವುದೇ ಹಿಂಸೆ ಎಂದು ಬಗೆದ ಪರಂಪರೆಯ ಕವಿಯೊಬ್ಬ ಹಲಸನ್ನು ಮಾಂಸವೆಂದು ಭಾವಿಸಿ ಅಡುಗೆ ಹೇಳಿದನೆನ್ನುವುದು ಒಪ್ಪತಕ್ಕ ಮಾತಲ್ಲ. ಸೂಪಶಾಸ್ತ್ರದ ಹಲಸನ್ನು ಹಲಸೆಂದೇ ಓದಬೇಕು.

ಇದೇ ಯಶೋಧರನ ಕಥೆಯನ್ನು 959ರಲ್ಲಿ ಸಂಸ್ಕೃತದ ‘ಯಶಸ್ತಿಲಕ’ವಾಗಿ ಬರೆದ ಸೋಮದೇವಸೂರಿಯು ಶ್ರಾವಕನ ಎಂಟು ಮೂಲಗುಣಗಳನ್ನು ಎಣಿಸುವ ಕ್ರಮ ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರದ್ದು. ಮದ್ಯ, ಮಾಂಸ, ಮಧು ಈ ಮೂರರ ತ್ಯಾಗ. ಜೊತೆಗೆ ಅತ್ತಿ, ಆಲ, ಅರಳಿ ಮುಂತಾದ ಐದು ಉದುಂಬರ ಫಲಗಳ ತ್ಯಾಗ. ಮಾಂಸ, ಜೇನು, ಹಣ್ಣು ಮೂರೂ ಒಂದೇ ಪಟ್ಟಿಯಲ್ಲಿವೆ! ಆ ಹಣ್ಣುಗಳ ಒಳಗೆ ಕ್ರಿಮಿಗಳಿರುತ್ತವೆಂಬುದು ಕಾರಣ. ಹಣ್ಣು ಸ್ವಭಾವತಃ ನಿರ್ದೋಷಿಯೆಂಬ ಭಾವನೆ ಇಲ್ಲಿಲ್ಲ. ಹಣ್ಣು ಮತ್ತು ಮಾಂಸದ ಸಂಬಂಧವನ್ನು ರುಚಿಯ ಪ್ರಶ್ನೆಯಾಗಿ ಮಾತ್ರ ನೋಡುವ ವಿಮರ್ಶೆ ಇದನ್ನು ಕಾಣಲಾರದು.

ಬರಹದಲ್ಲಿ ಉಳಿಯದ ಅಡುಗೆಯ ಸಾಕ್ಷ್ಯವನ್ನೂ ಕೇಳಬೇಕು. ಕೊಡಗಿನ ಪಂದಿ ಕರಿಯ ಕಪ್ಪುಬಣ್ಣಕ್ಕೂ ಹುಳಿಗೂ ಕಾರಣವಾದ ಕಾಚಂಪುಳಿ ಹಣ್ಣಿನಿಂದಲೇ ಆದದ್ದು. ಮಾಗಿದ ಹಣ್ಣುಗಳಿಂದ ಇಳಿದ ರಸವನ್ನು ಕಪ್ಪಗೆ, ಮಂದವಾಗುವವರೆಗೆ ಕುದಿಸಿ ಬತ್ತಿಸುತ್ತಾರೆ. ಅಡುಗೆಯ ಕಡೆಯಲ್ಲಿ ಸ್ವಲ್ಪವೇ ಹಾಕುತ್ತಾರೆ. ಲಿಂಬುರ್ಗಿನ ಸೇಬಿನ ಪಾಕಕ್ಕೂ ಇದಕ್ಕೂ ವಿಧಾನದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಬಣ್ಣ ಒಂದೇ, ಹದ ಸುಮಾರಾಗಿ ಒಂದೇ, ಹಾಕುವ ಹೊತ್ತೂ ಒಂದೇ. ರುಚಿ ಮಾತ್ರ ತದ್ವಿರುದ್ಧ. ಸಿಹಿಹಣ್ಣಿಗೆ ಖಾರ ಕೂಡಿಸುವ ಕಲೆ ಕನ್ನಡನಾಡಿಗೆ ತಿಳಿಯದ್ದೇನಲ್ಲ. ಕರಾವಳಿಯ ಅನಾನಸಿನ ಮೆಣಸ್ಕಾಯಿ, ಮಾವಿನಹಣ್ಣಿನ ಗೊಜ್ಜು, ಕೊಡಗಿನ ಕಾಡುಮಾವಿನ ಕರಿ ಎಲ್ಲವೂ ಇವೆ. ಆದರೆ ಆ ಪಾತ್ರೆಗಳಲ್ಲಿ ಮಾಂಸವಿಲ್ಲ. ಮಾಂಸದ ಪಾತ್ರೆಗೆ ಬರುವ ಹಣ್ಣು ಹುಳಿಯಾಗಿ ಬರುತ್ತದೆ. ಸಾವಿರ ವರ್ಷಗಳ ಗ್ರಂಥವನ್ನು ಇಂದಿನ ಒಲೆಯಿಂದ ಸಾಧಿಸಲಾಗದು, ನಿಜ; ಆದರೂ ಎರಡೂ ಒಂದೇ ಕಡೆಗೆ ಬೆರಳು ತೋರಿಸುವಾಗ ಕಾಣದಂತಿರುವುದೂ ಸರಿಯಲ್ಲ.

ಒಂದು ಆಕ್ಷೇಪಕ್ಕೆ ಉತ್ತರ ಬಾಕಿಯಿದೆ. ಜ್ಯೂರ್‌ವ್ಲೇಸ್ ಎಂಬ ಹೆಸರೇ ಅದರೊಳಗಿನ ಸಿಹಿಯನ್ನು ಬಚ್ಚಿಟ್ಟಿರುವಾಗ, ಸೋಮೇಶ್ವರನ ‘ಆಮ್ಲ’ವೂ ಹಾಗೇಕೆ ಬಚ್ಚಿಟ್ಟಿರಬಾರದು? ಹೆಸರಷ್ಟೇ ನಮ್ಮಲ್ಲಿ ಉಳಿದಿದ್ದರೆ ಈ ಆಕ್ಷೇಪ ಗೆಲ್ಲುತ್ತಿತ್ತು. ಮಾನಸೋಲ್ಲಾಸ ಹೆಸರಿಗೆ ನಿಲ್ಲದೆ ದ್ರವ್ಯಗಳನ್ನು, ಕ್ರಮವನ್ನು ಹೇಳುತ್ತದೆ. ಸಕ್ಕರೆ ಬೇಕಾದೆಡೆ, ಭಕ್ಷ್ಯಗಳಲ್ಲಿ, ಸಕ್ಕರೆಯನ್ನೇ ಹೇಳುತ್ತದೆ. ಹೇಳಬಲ್ಲವನು ಹೇಳದೆ ಬಿಟ್ಟದ್ದಕ್ಕೆ ಬೆಲೆಯಿದೆ.

ಉಪನ್ಯಾಸದ ನನ್ನ ಹಳೆಯ ಟಿಪ್ಪಣಿಯಲ್ಲಿ ಮಾಂಸರಸದ ದಾಡಿಮಕ್ಕೆ ‘ಸಿಹಿ ಹಣ್ಣು’ ಎಂದಿದ್ದುದನ್ನು ಹೊಡೆದು ‘ಹುಳಿದಾಳಿಂಬೆ’ ಎಂದು ಬರೆದಿದ್ದೇನೆ. ಕಣ್ಣಪ್ಪನ ಜೇನಿನ ಮುಂದೆ ಇದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಿದ್ದೇನೆ.